ಕಲ್ಲಿಗೂ ಒಂದು ಊರುಂಟು

(ಆಕಾಶವಾಣಿ ಭಾಷಣ)

ವಸ್ತುಸಂಗ್ರಹಾಲಯವೆಂಬ ಪದವನ್ನು ನಾವು ಪಶ್ಚಿಮದ ಒಂದು ಸಂಸ್ಥೆಗಾಗಿ ಸಂಸ್ಕೃತದ ಸಾಮಗ್ರಿಯಿಂದ ಕಟ್ಟಿಕೊಂಡೆವು. ಕಲ್ಕತ್ತೆಯಲ್ಲಿ 1814ರಲ್ಲಿ, ಮದರಾಸಿನಲ್ಲಿ 1851ರಲ್ಲಿ, ಬೆಂಗಳೂರಿನಲ್ಲಿ 1865ರಲ್ಲಿ ಇಂಥ ಆಲಯಗಳು ತಲೆಯೆತ್ತಿದವು. ಇವನ್ನು ಸ್ಥಾಪಿಸಿದವರ ಮನಸ್ಸಿನಲ್ಲಿದ್ದ ನೋಡುಗ ವಿದ್ವಾಂಸ ಅಥವಾ ಅಧಿಕಾರಿ. ಆದರೂ ಹಳ್ಳಿಯ ಜನ ಬಂದರು. ಹಬ್ಬ ಹರಿದಿನಗಳಲ್ಲಿ ಗುಂಪುಗುಂಪಾಗಿ ಬಂದರು. ಉತ್ತರದವರು ಅದನ್ನು 'ಅಜಾಯಬ್ ಘರ್', ಎಂದರೆ ಅಚ್ಚರಿಯ ಮನೆ ಎಂದು ಕರೆದು ತಮ್ಮದನ್ನಾಗಿ ಮಾಡಿಕೊಂಡರು. ಜನ ಸಂಗ್ರಹಾಲಯಕ್ಕೆ ಬಂದದ್ದು ಹೀಗೆ. ಸಂಗ್ರಹಾಲಯ ಜನರ ಕಡೆಗೆ ಎಷ್ಟು ದೂರ ನಡೆದು ಬಂತು ಎಂಬುದು ಬೇರೆಯ ಪ್ರಶ್ನೆ. ಹೊಸಪೇಟೆ, ಕಂಪ್ಲಿ, ಸಂಡೂರುಗಳ ನಡುವಣ ಸೀಮೆಯನ್ನು ಕಣ್ಣ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸಬೇಕೆಂದಿದ್ದೇನೆ.

ಹಂಪೆಯ ಹಾಳಿನಲ್ಲಿ ಚದುರಿ ಬಿದ್ದಿದ್ದ ವಿಗ್ರಹಗಳನ್ನೂ ಕಟ್ಟಡಗಳ ಬಿಡಿ ಭಾಗಗಳನ್ನೂ ಬ್ರಿಟಿಷ್ ಅಧಿಕಾರಿಗಳು ಮೊದಲು ಒಂದೆಡೆ ಸೇರಿಸಿದ್ದು ಗಜಶಾಲೆಯಲ್ಲಿ. ಪಟ್ಟದಾನೆಗಳ ಮನೆ ಹೀಗೆ ಭಗ್ನಮೂರ್ತಿಗಳ ಮನೆಯಾಯಿತು. ಆ ಸಂಗ್ರಹ 1972ರಲ್ಲಿ ಕಮಲಾಪುರದ ಈಗಿನ ಕಟ್ಟಡಕ್ಕೆ ಬಂತು. ಅಗೆತದಲ್ಲಿ ದೊರೆತದ್ದು ಆದಷ್ಟು ಮಟ್ಟಿಗೆ ದೊರೆತ ನೆಲದ ಬಳಿಯಲ್ಲೇ ಇರಬೇಕೆಂಬುದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಹಳೆಯ ನೀತಿ. ಸಾರನಾಥದಲ್ಲಿ 1910ರಲ್ಲಿ ಅದು ರೂಪು ತಳೆಯಿತು, ಕಮಲಾಪುರದ್ದು ಅದೇ ವಂಶದ ಕುಡಿ. ಶೈವ, ವೈಷ್ಣವ ಶಿಲ್ಪಗಳು, ಆಯುಧಗಳು, ನಾಣ್ಯಗಳು, ವೀರಗಲ್ಲು, ಮಹಾಸತಿಕಲ್ಲುಗಳು ಅಲ್ಲಿವೆ. ಪ್ರಾಂಗಣದಲ್ಲಿ ಹಂಪೆಯ ಬೆಟ್ಟ, ಹೊಳೆ, ಗುಡಿಗಳನ್ನು ಕಿರಿದುಮಾಡಿ ತೋರಿಸುವ ಮಾದರಿಯೊಂದಿದೆ. ಶಾಲೆಯ ಮಕ್ಕಳು ಉಳಿದೆಲ್ಲವನ್ನೂ ಓಡುತ್ತ ನೋಡಿ ಇದರ ಮುಂದೆ ಮಾತ್ರ ನಿಂತುಬಿಡುತ್ತಾರೆ. ಹೊಳೆ ಎಲ್ಲಿ, ವಿರೂಪಾಕ್ಷನ ಗೋಪುರ ಎಲ್ಲಿ, ನಮ್ಮ ಊರು ಯಾವ ಕಡೆ ಎಂದು ಹುಡುಕುತ್ತಾರೆ. ಕಂಪ್ಲಿಯ ಕಡೆಯ ಮಕ್ಕಳಿಗೆ ತಮ್ಮ ಊರು ಸಿಗುವುದಿಲ್ಲ. ಅದು ಮಾದರಿಯ ಅಂಚಿನಿಂದಾಚೆ. ಆದರೂ ಹುಡುಕುತ್ತಾರಲ್ಲ, ಅದು ಮುಖ್ಯ.

ನೆಲದ ಬಳಿಯೇ ಇರಬೇಕೆಂಬ ನೀತಿ ಎಲ್ಲ ವಸ್ತುಗಳ ಪಾಲಿಗೂ ಫಲಿಸಲಿಲ್ಲ. ಉದಯಗಿರಿಯನ್ನು ಗೆದ್ದ ಕೃಷ್ಣದೇವರಾಯ ಅಲ್ಲಿಂದ ಬಾಲಕೃಷ್ಣನ ಮೂರ್ತಿಯನ್ನು ತಂದು, ಅದಕ್ಕೆಂದೇ ಗುಡಿ ಕಟ್ಟಿಸಿ ಪ್ರತಿಷ್ಠೆ ಮಾಡಿದನೆಂದು 1515ರ ಶಾಸನ ಹೇಳುತ್ತದೆ. ಆ ಮೂರ್ತಿ ಇಂದು ಇರುವುದು ಚೆನ್ನೈನ ಸರ್ಕಾರಿ ಸಂಗ್ರಹಾಲಯದಲ್ಲಿ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದರಾಸಿನ ಆಡಳಿತದಲ್ಲಿತ್ತು. ಜಿಲ್ಲೆ ಮೈಸೂರಿಗೆ ಬಂತು, ದೇವರು ಬರಲಿಲ್ಲ. ಗೆದ್ದವನು ಒಂದು ಊರಿನಿಂದ ತಂದದ್ದನ್ನು ಆಳಿದವನು ಇನ್ನೊಂದು ಊರಿಗೆ ಒಯ್ದನೆಂದು ಹೇಳಿ ನ್ಯಾಯವನ್ನು ಸರಿದೂಗಿಸಿಬಿಡಬಹುದು. ನನಗೆ ಅದು ಸಾಲದು. ಉದಯಗಿರಿಯಿಂದ ಬಂದ ಕೃಷ್ಣ ಹಂಪೆಯಲ್ಲಿ ಪೂಜೆ, ನೈವೇದ್ಯಗಳ ನಡುವೆ ಬಾಳಿದ. ಚೆನ್ನೈಗೆ ಹೋದ ಕೃಷ್ಣ ಒಂದು ಮಾದರಿಯಾದ. ಹಂಪೆಯ ಕೃಷ್ಣನ ಗುಡಿಯ ಗರ್ಭಗೃಹ ಬರಿದಾಗಿದೆ. ಮೂರ್ತಿ ಮರಳಲಿ ಎಂಬ ಹಟ ನನ್ನದಲ್ಲ. ಆ ಬರಿದು ಗರ್ಭಗೃಹದ ಮುಂದೆ ನಿಂತವನಿಗೆ ಅದು ಎಲ್ಲಿದೆ, ಏಕೆ ಅಲ್ಲಿದೆ ಎಂದು ಕನ್ನಡದಲ್ಲಿ ಸ್ಪಷ್ಟವಾಗಿ ತಿಳಿಯಬೇಕು ಎಂಬಷ್ಟೇ ಆಸೆ.

ಕೆಲವು ವರ್ಷಗಳ ಹಿಂದೆ ಮೆಟ್ರಿಯ ಹಿರಿಯ ರೈತರೊಬ್ಬರೊಡನೆ ಒಂದು ಸಂಗ್ರಹಾಲಯಕ್ಕೆ ಹೋಗಿದ್ದೆ. ಅದರ ಹೆಸರು ಇಲ್ಲಿ ಬೇಡ. ದೇವರ ಮೂರ್ತಿಗಳಿಗೆ ಕೈಮುಗಿಯುತ್ತ ಬಂದ ಅವರು ಒಂದು ವೀರಗಲ್ಲಿನ ಮುಂದೆ ನಿಂತರು. ಕೆಳಗಿನ ಪಟ್ಟಿಕೆಯಲ್ಲಿ ಕಾದುವ ವೀರ, ನಡುವೆ ಅವನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ನಾನು ವಿವರಿಸಲು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು: "ಇದು ಯಾ ಊರ ಕಲ್ಲು, ಸರ?" ಫಲಕದಲ್ಲಿ ಶತಮಾನವಿತ್ತು, ಶಿಲೆಯ ಜಾತಿಯಿತ್ತು, ಊರಿರಲಿಲ್ಲ. "ನಮ್ಮ ಕಡೀನೂ ಇಂಥಾವು ಅದಾವು. ಅಮಾಸಿಗೆ ಎಣ್ಣಿ ಹಾಕ್ತೀವಿ. ಇದಕ್ಕ ಯಾರು ಹಾಕ್ತಾರ?" ಎಂದರು.

ಈ ಮಾತಿನಲ್ಲಿ ಮುಗ್ಧತೆಯನ್ನು ಕಂಡು ನಗುವವರಿದ್ದಾರೆ. ನನಗೆ ಅದರಲ್ಲಿ ಕಂಡದ್ದು ಇತಿಹಾಸದ ಸರಿಯಾದ ವಿಧಾನ. ವೀರಗಲ್ಲು ರಾಜಧಾನಿಯ ಕಲೆಯಲ್ಲ. ಊರ ದನಗಳನ್ನು ಹೊಡೆದುಕೊಂಡು ಹೋದವರೊಡನೆ ಕಾದಿ ಸತ್ತವನಿಗಾಗಿ, ಊರ ಗಡಿಯಲ್ಲಿ ಮಡಿದವನಿಗಾಗಿ, ಆ ಊರವರೇ ನಿಲ್ಲಿಸಿದ ಕಲ್ಲು ಅದು. ಊರಿನ ಹೆಸರನ್ನು ಕಳೆದರೆ ಉಳಿಯುವುದು ಕೆತ್ತನೆ ಮಾತ್ರ. ಸತ್ತವನು ಎರಡನೆಯ ಬಾರಿ ಅನಾಥನಾಗುತ್ತಾನೆ.

ಇದಕ್ಕೆ ಮೇಲ್ಪಂಕ್ತಿ ಹಾಕಿಕೊಟ್ಟವರೂ ಇದ್ದರು. ರಾಬರ್ಟ್ ಬ್ರೂಸ್ ಫೂಟ್ ಭೂಗರ್ಭ ಸರ್ವೇಕ್ಷಣ ಇಲಾಖೆಯ ಅಧಿಕಾರಿ. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಗುರುತಿಸಿದವನು. ಬಳ್ಳಾರಿ ಜಿಲ್ಲೆಯ ಗುಡ್ಡಗಳನ್ನು ಅಲೆದು ಕಲ್ಲಿನ ಕೊಡಲಿಗಳನ್ನೂ ಮಡಕೆಯ ಚೂರುಗಳನ್ನೂ ಆಯ್ದ. ಆ ಸಂಗ್ರಹವೂ ಮದರಾಸಿಗೆ ಸೇರಿತು. ಆದರೆ 1912ರಲ್ಲಿ ಅವನು ತೀರಿಕೊಂಡ ಮೇಲೆ ಅಚ್ಚಾದ ಅವನ ಸೂಚಿಯನ್ನು ತೆರೆದು ನೋಡಿ: ಜಿಲ್ಲೆ ಜಿಲ್ಲೆಯಾಗಿ, ಸಿಕ್ಕ ನೆಲೆಯ ಹೆಸರಿನ ಕೆಳಗೆ, ಅಂಗೈಯಲ್ಲಿ ಅಡಗುವ ಕಲ್ಲಿಗೂ ವಿಳಾಸವುಂಟು. ಪರದೇಶದವನು ತೋರಿದ ಈ ನಿಷ್ಠೆ ನಮ್ಮ ಎಷ್ಟೋ ಫಲಕಗಳಲ್ಲಿ ಕಾಣದಿರುವುದು ವಿಷಾದದ ಸಂಗತಿ. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತು ಬಟ್ಟೆಗೆ ಊರ ಹೆಸರು ಕಾನೂನಿನಿಂದಲೇ ದಕ್ಕಿದೆ. ಕಲ್ಲಿಗೆ ಅಂಥ ಕಾನೂನು ಬೇಕಿಲ್ಲ, ಬರೆಯುವ ಮನಸ್ಸಿದ್ದರೆ ಸಾಕು.

ಗಾಜಿನ ಪೆಟ್ಟಿಗೆಗೆ ಸಿಗದ ವಸ್ತುಗಳೂ ಇವೆ. ಮೆಟ್ರಿಯಿಂದ ಬಹಳ ದೂರವೇನೂ ಅಲ್ಲದ ಕುಡತಿನಿಯ ಬಳಿ ಒಂದು ಬೂದಿಗುಡ್ಡವಿದೆ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲೇ ನ್ಯೂಬೋಲ್ಡ್ ಎಂಬ ಸೇನಾಧಿಕಾರಿ ಅದನ್ನು ವರ್ಣಿಸಿದ. ಹಂಪೆಯ ಹತ್ತಿರ ನಿಂಬಾಪುರದಲ್ಲಿ ಇನ್ನೊಂದಿದೆ. ಕಿಷ್ಕಿಂಧೆಯ ನೆಲವಲ್ಲವೇ? ಅದು ವಾಲಿಯನ್ನು ದಹಿಸಿದ ಬೂದಿಯೆಂದು ಜನ ಹೇಳುತ್ತಾರೆ. ಇಷ್ಟೊಂದು ಬೂದಿಗೆ ವಾಲಿಯಂಥ ದೇಹವೇ ಬೇಕೆಂಬ ತರ್ಕ ತೆಗೆದುಹಾಕುವಂಥದ್ದಲ್ಲ. ಇದು ಸುಟ್ಟ ಸಗಣಿಯೆಂದು ಫೂಟ್ ಊಹಿಸಿದ್ದ. ಆಲ್ಚಿನ್ ಎಂಬ ವಿದ್ವಾಂಸರು 1957ರಲ್ಲಿ ತೆಲಂಗಾಣದ ಉಟ್ನೂರಿನಲ್ಲಿ ಅಗೆಸಿ, 1963ರ ತಮ್ಮ ಗ್ರಂಥದಲ್ಲಿ ವಿಷಯವನ್ನು ನಿರೂಪಿಸಿದರು. ಹೊಸ ಶಿಲಾಯುಗದ ಜನ ದನಗಳನ್ನು ದೊಡ್ಡಿಯಲ್ಲಿ ಕೂಡುತ್ತಿದ್ದರು, ಸಗಣಿ ರಾಶಿಯಾಗುತ್ತಿತ್ತು, ಅದಕ್ಕೆ ಮತ್ತೆ ಮತ್ತೆ ಬೆಂಕಿ ಬೀಳುತ್ತಿತ್ತು. ಉಟ್ನೂರಿನ ಪದರಗಳಲ್ಲಿ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಸಂಗತಿ ಇದು.

ಈ ಶೋಧವನ್ನು ಯಾರಿಗೆ ಮೊದಲು ಹೇಳಬೇಕಿತ್ತು? ನನ್ನನ್ನು ಕೇಳಿದರೆ, ಕುರಿಹಟ್ಟಿಯಲ್ಲಿ ರಾತ್ರಿ ಕಳೆಯುವ ಕುರುಬರಿಗೆ, ದನದ ಕೊಟ್ಟಿಗೆ ಬಳಿಯುವ ಹೆಂಗಸರಿಗೆ. ಸಗಣಿಯ ರಾಶಿ ಎಷ್ಟು ದಿನಕ್ಕೆ ಎಷ್ಟಾಗುತ್ತದೆ, ಒಣಗಿದ ಗೊಬ್ಬರಕ್ಕೆ ಕಿಡಿ ತಗುಲಿದರೆ ಎಷ್ಟು ದಿನ ಒಳಗೊಳಗೇ ಉರಿಯುತ್ತದೆ ಎಂಬುದನ್ನು ಅವರು ಪಂಡಿತರಿಗೆ ಕಲಿಸಬಲ್ಲರು. ಅವರಿಗೆ ಯಾರೂ ಹೇಳಲಿಲ್ಲ. ಆದ್ದರಿಂದ ಅನೇಕ ಕಡೆ ಬೂದಿಮಣ್ಣನ್ನು ಗೊಬ್ಬರವೆಂದು ಬಂಡಿಯಲ್ಲಿ ಹೇರಿಕೊಂಡು ಹೊಲಗಳಿಗೆ ಹೊಯ್ದರು. ರೈತನ ದೃಷ್ಟಿಯಿಂದ ಅದು ಸರಿಯಾದ ಉಪಯೋಗವೇ. ವಾಲಿಯ ಕಥೆ ಇರುವಲ್ಲಿ ಆ ಕಥೆಯೇ ಒಂದು ಬೇಲಿ. ಕಥೆಯನ್ನು ಮೂಢನಂಬಿಕೆಯೆಂದು ಅಳಿಸಿ ವಿಜ್ಞಾನವನ್ನೂ ತಿಳಿಸದೆ ಬಿಟ್ಟರೆ ಬೇಲಿಯೂ ಇಲ್ಲ, ಬೆಳೆಯೂ ಇಲ್ಲ.

ಬಳ್ಳಾರಿಯ ಬಳಿಯ ಸಂಗನಕಲ್ಲು, ಕಪ್ಪಗಲ್ಲುಗಳ ಬೆಟ್ಟದಲ್ಲಿ ಇದಕ್ಕಿಂತ ದೊಡ್ಡ ಅಪಾಯ ಬಂತು. ಅಲ್ಲಿನ ಬಂಡೆಗಳ ಮೇಲೆ ಗೂಳಿಗಳ ಚಿತ್ರಗಳಿವೆ; ಬಡಿದರೆ ಗಂಟೆಯಂತೆ ನಾದ ಕೊಡುವ ಕಲ್ಲುಗಳಿವೆ. 2004ರಲ್ಲಿ ನಿಕೋಲ್ ಬೋವಿನ್ ಎಂಬ ವಿದುಷಿ ಇವುಗಳ ಬಗ್ಗೆ ಪ್ರಬಂಧ ಪ್ರಕಟಿಸಿದಾಗ ಲೋಕವೆಲ್ಲ ಕಿವಿಗೊಟ್ಟಿತು, ಆದರೆ ಕಲ್ಲುಗಣಿಗಾರಿಕೆ ಆಗಲೇ ಬೆಟ್ಟವನ್ನು ಕಡಿಯತೊಡಗಿತ್ತು. ಕಲ್ಲೊಡೆಯುವ ಕೂಲಿಯವನನ್ನು ಬೈದು ಫಲವಿಲ್ಲ. ಅವನಿಗೆ ಅದು ಅಂದಿನ ಅನ್ನ. ರವಿ ಕೋರಿಶೆಟ್ಟರ್ ಅವರಂಥ ವಿದ್ವಾಂಸರ ಶ್ರಮದಿಂದ ಬಳ್ಳಾರಿಯಲ್ಲಿ ಫೂಟನ ಹೆಸರಿನ ಸಂಗನಕಲ್ಲು ಸಂಗ್ರಹಾಲಯ ನೆಲೆಗೊಂಡಿರುವುದು ಸಂತೋಷದ ವಿಷಯ. ಜಿಲ್ಲೆಯ ಕಲ್ಲು ಜಿಲ್ಲೆಯಲ್ಲೇ, ಸಿಕ್ಕ ಬೆಟ್ಟದ ಹೆಸರು ಹೊತ್ತು ನಿಂತಿದೆ.

ಇನ್ನು ಹಳ್ಳಿಯವರ ಭಯದ ಮಾತು. ಹೊಲದಲ್ಲಿ ವಿಗ್ರಹ ಸಿಕ್ಕಿತೆಂದು ತಿಳಿಸಿದರೆ ಹೊಲವೇ ಹೋದೀತೆಂದು ಅವರು ಅಂಜುತ್ತಾರೆ. ಈ ಅಂಜಿಕೆ ಆಧಾರವಿಲ್ಲದ್ದೇನಲ್ಲ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರು ಅನುಮತಿಗೆ ಅಧೀನ. 2011ರಲ್ಲಿ ಹಂಪೆಯ ಬಜಾರಿನ ಮಂಟಪಗಳಲ್ಲಿ ಸಂಸಾರ ಹೂಡಿದ್ದವರನ್ನು ತೆರವು ಮಾಡಿದ ಸುದ್ದಿ ಸುತ್ತಲ ಹತ್ತು ಹಳ್ಳಿಗಳಿಗೆ ಮುಟ್ಟಿತು. ಮಂಟಪಗಳು ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಪರಂಪರೆಯೆಂದರೆ ಮನೆ ಬಿಡಿಸುವ ನೋಟೀಸು ಎಂದು ಒಬ್ಬನು ಅರಿತುಕೊಂಡರೆ, ಅವನು ಸಿಕ್ಕ ವಿಗ್ರಹವನ್ನು ಮತ್ತೆ ಮಣ್ಣಿನಲ್ಲಿ ಹೂತುಬಿಡುತ್ತಾನೆ, ಇಲ್ಲವೇ ನಿಧಿಗಳ್ಳರ ಕೈಗೆ ಕೊಡುತ್ತಾನೆ. ಇದಕ್ಕೆ ವಿರುದ್ಧವಾದ ದೃಶ್ಯವೂ ಉಂಟು. 2024ರ ನವೆಂಬರಿನಲ್ಲಿ ಗದಗಿನ ಲಕ್ಕುಂಡಿಯಲ್ಲಿ ಪ್ರಾಚ್ಯಾವಶೇಷಗಳನ್ನು ಸಂಗ್ರಹಿಸುವ ಅಭಿಯಾನ ನಡೆದಾಗ ಊರವರು ತಮ್ಮ ಮನೆ, ಹಿತ್ತಿಲುಗಳಲ್ಲಿದ್ದ ಕಲ್ಲುಗಳನ್ನು ತಾವಾಗಿ ಒಪ್ಪಿಸಿದರು. ಆ ಕಲ್ಲು ದೂರದ ನಗರಕ್ಕೆ ಹೋಗದೆ ಲಕ್ಕುಂಡಿಯಲ್ಲೇ ಉಳಿಯುವುದೆಂಬ ಭರವಸೆ ಇದಕ್ಕೆ ಕಾರಣವೆಂದು ನನ್ನ ನಂಬಿಕೆ.

ಕಲ್ಲಿನ ಜೊತೆಗೆ ಮಾತೂ ಇದೆ. ಕಂಪಿಲರಾಯನ ಮಗ ಕುಮಾರರಾಮನ ರಾಜ್ಯ ತುಘಲಕನ ಸೇನೆಗೆ ಬಿದ್ದದ್ದು 1327ರ ಸುಮಾರಿಗೆ. ಅವನ ಕಥೆಯನ್ನು ದರೋಜಿ ಈರಮ್ಮನವರು ಬುರ್ರಕಥೆಯಾಗಿ ಹಾಡುತ್ತಿದ್ದರು. ಅಕ್ಷರ ಕಲಿಯದ ಆ ತಾಯಿಯ ನಾಲಗೆಯಲ್ಲಿ ಹತ್ತಕ್ಕೂ ಮಿಕ್ಕಿದ ಕಾವ್ಯಗಳಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಪದವಿಯಿತ್ತು ಗೌರವಿಸಿತು. 2014ರಲ್ಲಿ ಅವರು ತೀರಿಕೊಂಡರು. ಖಡ್ಗಗಳನ್ನು ಸಾಲಾಗಿ ತೂಗುಹಾಕಿದ ಕೋಣೆಯಲ್ಲಿ, ಹಿಡಿದವನ ಕಥೆಯನ್ನು ಹಾಡುವ ಕಲಾವಿದರಿಗೂ ತಿಂಗಳಿಗೊಂದು ಸಂಜೆ ಜಾಗ ಕೊಡಬಾರದೇ? ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ವಸ್ತುವೂ ಕುಣಿತವೂ ಒಂದೇ ಅಂಗಳದಲ್ಲಿವೆ. ಅದು ಅಸಾಧ್ಯದ ಕೆಲಸವಲ್ಲ.

ಮೆಟ್ರಿಯಂಥ ಊರಿಗೆ ಹೊಸ ಕಟ್ಟಡ ಬೇಕೆಂದು ನಾನು ಹೇಳುತ್ತಿಲ್ಲ. ಎಣ್ಣೆ ಕುಡಿದು ಕಪ್ಪಾದ ಕಲ್ಲು ನಿಂತಲ್ಲೇ ನಿಂತಿರಲಿ, ಅಮಾವಾಸ್ಯೆಯ ಎಣ್ಣೆಯೂ ತಪ್ಪದಿರಲಿ. ಊರ ಶಾಲೆಯಲ್ಲಿ ಒಂದು ದಪ್ಪನೆಯ ದಾಖಲೆ ಪುಸ್ತಕವಿರಲಿ. ಕಲ್ಲು ಎಲ್ಲಿದೆ, ಯಾರ ಹೊಲದ ಬದುವಿನಲ್ಲಿದೆ, ಅಜ್ಜ ಅಜ್ಜಿಯರು ಅದಕ್ಕೆ ಏನೆನ್ನುತ್ತಾರೆ ಎಂಬುದನ್ನು ಮಕ್ಕಳು ಬರೆಯಲಿ. ಸಂಗ್ರಹಾಲಯದವರು ವರ್ಷಕ್ಕೆರಡು ಬಾರಿ ಬಂದು ಅದನ್ನು ಓದಲಿ. ಕಾಲ, ಲಿಪಿ, ಶೈಲಿಗಳ ವಿಷಯ ತಮಗೆ ಗೊತ್ತಿರುವುದನ್ನು ಅದೇ ಪುಟದ ಎದುರು ಬದಿಯಲ್ಲಿ ಬರೆದು ಸಹಿ ಹಾಕಲಿ. ಪುಸ್ತಕದ ಒಂದು ಪ್ರತಿ ಕಮಲಾಪುರದಲ್ಲಿರಲಿ, ಮೂಲಪ್ರತಿ ಊರಲ್ಲಿರಲಿ.