ಓಟದ ಪಾರಿವಾಳಗಳಿಗೆ ಕಡಿಮೆ ವೆಚ್ಚದ ಪರ್ಯಾಯ ಗೂಡುಗಳು: ನಿರ್ಮಾಣ ಮತ್ತು ನಿರ್ವಹಣೆ

ಪೀಠಿಕೆ

ಪಾರಿವಾಳ ಸಾಕಣೆ ನಮ್ಮ ಹಳ್ಳಿ ಪಟ್ಟಣಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಇತ್ತೀಚಿನ ವರ್ಷಗಳಲ್ಲಿ ಗ್ರಾಮೀಣ ಯುವಕರು ಹವ್ಯಾಸಕ್ಕಾಗಿ ಮತ್ತು ಸ್ಪರ್ಧೆಗಾಗಿ ಹೋಮರ್ ತಳಿಯ ಪಾರಿವಾಳಗಳನ್ನು ಸಾಕುತ್ತಿದ್ದಾರೆ. ಬೆಂಗಳೂರು, ಚೆನ್ನೈ ಮೊದಲಾದ ನಗರಗಳಲ್ಲಿ ಇವುಗಳ ಓಟವನ್ನು ಏರ್ಪಡಿಸುವ ಸಂಘಗಳಿವೆ. ಒಡಿಶಾ ಪೊಲೀಸ್ ಇಲಾಖೆಯು 1946ರಲ್ಲಿ ಆರಂಭಿಸಿದ ಪಾರಿವಾಳ ಸಂದೇಶ ಸೇವೆಯು 1982ರ ಪ್ರವಾಹ ಮತ್ತು 1999ರ ಮಹಾ ಚಂಡಮಾರುತದ ಸಂದರ್ಭಗಳಲ್ಲಿಯೂ ನೆರವಿಗೆ ಬಂದಿತ್ತು. ದೂರದಿಂದ ಬಿಟ್ಟರೂ ತಾನು ಬೆಳೆದ ಗೂಡನ್ನೇ ಹುಡುಕಿಕೊಂಡು ಬರುವ ಸ್ವಭಾವವೇ ಈ ಎಲ್ಲ ಉಪಯೋಗಗಳಿಗೆ ಆಧಾರ.

ಆದ್ದರಿಂದ ಓಟದ ಪಾರಿವಾಳ ಸಾಕುವವರಿಗೆ ಗೂಡೇ ಮೂಲ ಬಂಡವಾಳ. ಹಲವರು ಮೊದಲು ದುಬಾರಿ ಜೋಡಿಗಳನ್ನು ತಂದು, ಅನಂತರ ಸಿಕ್ಕಿದ ಜಾಗದಲ್ಲಿ ಅವುಗಳನ್ನು ತುಂಬಿಸಿಡುತ್ತಾರೆ. ಇದರಿಂದ ಹಕ್ಕಿಗಳು ರೋಗಕ್ಕೆ ತುತ್ತಾಗುವುದಲ್ಲದೆ ಸಾಕುವವರ ಆರೋಗ್ಯಕ್ಕೂ ಧಕ್ಕೆಯುಂಟಾಗುತ್ತದೆ. ಮೊದಲು ಗೂಡನ್ನು ಕಟ್ಟಿ, ಆ ಗೂಡಿನ ಅಳತೆಗೆ ತಕ್ಕಷ್ಟೇ ಹಕ್ಕಿಗಳನ್ನು ಸಾಕಬೇಕು ಎಂಬುದು ಈ ಲೇಖನದ ಮುಖ್ಯ ಸಲಹೆ. ಇದಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ಇಂಗ್ಲೆಂಡಿನ ಸಂಡರ್ಲೆಂಡ್ ಬಳಿಯ ರೈಹೋಪ್‌ನಲ್ಲಿ 1955ರಲ್ಲಿ ಹಳೆಯ ಮರಮುಟ್ಟುಗಳಿಂದ ಕಟ್ಟಿದ ಪಾರಿವಾಳದ ಗೂಡೊಂದು ಇಂದು ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆ. ನಮ್ಮ ತೋಟಗಳಲ್ಲಿ ದೊರೆಯುವ ಅಡಿಕೆ ದಬ್ಬೆ, ಬಿದಿರು ಮತ್ತು ಹಳೆಯ ಹೆಂಚುಗಳೂ ಈ ಕೆಲಸಕ್ಕೆ ಸಾಲುತ್ತವೆ.

ಉತ್ತಮ ಗೂಡಿನ ಲಕ್ಷಣಗಳು

1. ಒಣಗಿರಬೇಕು: ತೇವವು ಕಾಕ್ಸಿಡಿಯೋಸಿಸ್ ಮತ್ತು ಜಂತುಹುಳುಗಳ ವೃದ್ಧಿಗೆ ಕಾರಣವಾಗುತ್ತದೆ. ಒಣಗಿದ ಗೂಡಿನಲ್ಲಿ ಹಿಕ್ಕೆ ಪುಡಿಯಾಗಿ ಸುಲಭವಾಗಿ ಬಿಟ್ಟುಬರುತ್ತದೆ. ಒದ್ದೆ ಗೂಡಿನಲ್ಲಿ ಅದು ಮೆತ್ತಿಕೊಂಡು ಅಮೋನಿಯದ ಘಾಟು ಹರಡುತ್ತದೆ.

2. ಗಾಳಿಯಾಡಬೇಕು: ತಾಜಾ ಗಾಳಿ ಮುಂಭಾಗದ ಕೆಳಗಿನಿಂದ ಒಳಬಂದು, ಬಿಸಿಗಾಳಿ ಮಾಡಿನ ಹಿಂಭಾಗದ ಮೇಲ್ತುದಿಯಿಂದ ಹೊರಹೋಗಬೇಕು. ಆದರೆ ರಾತ್ರಿ ಕೂರುವ ಹಕ್ಕಿಗಳ ಮೈಮೇಲೆ ನೇರವಾಗಿ ಗಾಳಿ ಬೀಸಬಾರದು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ನಿಮ್ಮ ಮೂಗಿಗೆ ಘಾಟು ಬಡಿದರೆ ಗಾಳಿಯ ಸಂಚಾರ ಸಾಲದೆಂದು ತಿಳಿಯಿರಿ.

3. ಬೆಳಕಿರಬೇಕು: ಬೆಳಗಿನ ಎಳೆಬಿಸಿಲು ಗೂಡಿನೊಳಗೆ ಬೀಳುವಂತಿರಬೇಕು.

4. ಇಕ್ಕಟ್ಟಾಗಿರಬಾರದು: ಪ್ರತಿ ಹಕ್ಕಿಗೆ ಕನಿಷ್ಠ 2 ಚದರ ಅಡಿ ನೆಲದ ಜಾಗ ಒದಗಿಸುವುದು ಒಳಿತು.

ಸ್ಥಳದ ಆಯ್ಕೆ ಮತ್ತು ದಿಕ್ಕು

ನೈಋತ್ಯ ಮುಂಗಾರಿನ ಎರಚಲು ಪಶ್ಚಿಮ ಮತ್ತು ನೈಋತ್ಯ ದಿಕ್ಕುಗಳಿಂದ ಬರುವುದರಿಂದ ಗೂಡಿನ ಮುಂಭಾಗವನ್ನು ಪೂರ್ವಕ್ಕೆ ಅಥವಾ ಆಗ್ನೇಯಕ್ಕೆ ತಿರುಗಿಸಿ, ಹಿಂಗೋಡೆಯನ್ನು ಪಶ್ಚಿಮಕ್ಕೆ ಭದ್ರವಾಗಿ ಮುಚ್ಚಬೇಕು. ಕರಾವಳಿ ಮತ್ತು ಮಲೆನಾಡಿನಲ್ಲಿ ಸೂರನ್ನು 2.5ರಿಂದ 3 ಅಡಿಯಷ್ಟು ಮುಂದಕ್ಕೆ ಚಾಚಬೇಕು. ಉತ್ತರ ಒಳನಾಡಿನಲ್ಲಿ ಮಳೆಗಿಂತ ಬೇಸಿಗೆಯ ಬಿಸಿಲೇ ಹೆಚ್ಚಿನ ಸಮಸ್ಯೆ. ಅಲ್ಲಿ ಬರೀ ತಗಡಿನ ಶೀಟು ಹೊದಿಸಬಾರದು. ಅನಿವಾರ್ಯವಾದರೆ ಶೀಟಿನ ಮೇಲ್ಮೈಗೆ ಸುಣ್ಣ ಬಳಿದು, ಒಳಗೆ ಒಂದು ಗೇಣು ಅಂತರ ಬಿಟ್ಟು ಬಿದಿರಿನ ತಟ್ಟಿಯನ್ನು ಕಟ್ಟಬೇಕು.

ವಿದ್ಯುತ್ ತಂತಿಗಳ ಸಮೀಪ ಗೂಡು ಕಟ್ಟಬೇಡಿ. ವೇಗವಾಗಿ ಇಳಿಯುವ ಹಕ್ಕಿಗಳು ತಂತಿಗೆ ಬಡಿದು ಗಾಯಗೊಳ್ಳುತ್ತವೆ. ಮಲಗುವ ಕೋಣೆಯ ಕಿಟಕಿ, ಕುಡಿಯುವ ನೀರಿನ ತೊಟ್ಟಿ ಮತ್ತು ಕೋಳಿಮನೆಗಳಿಂದಲೂ ದೂರವಿರಬೇಕು. ರಾಣಿಖೇತ್ ರೋಗದ (ಕೊಕ್ಕರೆ ರೋಗ) ಗುಂಪಿಗೆ ಸೇರಿದ ವೈರಾಣು ಪಾರಿವಾಳಗಳನ್ನೂ ಬಾಧಿಸುವುದರಿಂದ ಇವೆರಡನ್ನೂ ಒಂದೇ ಮನೆಯಲ್ಲಿ ಸಾಕುವುದು ಸೂಕ್ತವಲ್ಲ.

ಪರ್ಯಾಯ ಮಾದರಿಗಳು

ಅ) ಅಡಿಕೆ ದಬ್ಬೆಯ ಕಾಲುಗೂಡು: ಮಲೆನಾಡು ಮತ್ತು ಕರಾವಳಿಗೆ ಇದು ಸೂಕ್ತ. ನೆಲದಿಂದ 2 ಅಡಿ ಎತ್ತರದ ಆರು ಕಂಬಗಳ ಮೇಲೆ 8 ಅಡಿ ಉದ್ದ, 6 ಅಡಿ ಅಗಲ ಮತ್ತು 6.5ರಿಂದ 7 ಅಡಿ ಎತ್ತರದ ಚೌಕಟ್ಟನ್ನು ನಿಲ್ಲಿಸಿ, ಮೂರು ಬದಿಗೆ ದಬ್ಬೆ ಅಥವಾ ಹಲಗೆ ಹೊಡೆದು, ಮಂಗಳೂರು ಹೆಂಚು ಹೊದಿಸಬಹುದು. ಹೆಂಚುಗಳ ಸಂದಿಯಿಂದ ಬಿಸಿಗಾಳಿ ತಾನಾಗಿಯೇ ಹೊರಹೋಗುತ್ತದೆ. ದಬ್ಬೆಗಳ ಒಳಮೈಯ ಸಿಬಿರುಗಳನ್ನು ಕೆತ್ತಿ ನುಣುಪಾಗಿಸಬೇಕು. ಕಂಬಗಳ ಬುಡಕ್ಕೆ ಗೆದ್ದಲು ನಿರೋಧಕ ಬಳಿದು, ಮಧ್ಯಭಾಗಕ್ಕೆ ಇಲಿ ಹತ್ತದಂತೆ ತಗಡಿನ ಕೊಡೆ ಸುತ್ತಬೇಕು.

ಆ) ಹಳೆಯ ಕೊಟ್ಟಿಗೆಯ ಭಾಗ: ಬಳಕೆಯಲ್ಲಿಲ್ಲದ ಕೊಟ್ಟಿಗೆಯ ಪೂರ್ವದ ಅಂಕಣವನ್ನು ಜಾಲರಿ ಹಾಗೂ ತಟ್ಟಿಯಿಂದ ಬೇರ್ಪಡಿಸಿ ಗೂಡಾಗಿಸಬಹುದು. ಮಾಡು, ಗೋಡೆ ಮೊದಲೇ ಇರುವುದರಿಂದ ಇದು ಅತ್ಯಂತ ಅಗ್ಗದ ವಿಧಾನ. ಗೋಡೆಯ ಬಿರುಕುಗಳನ್ನು ಮುಚ್ಚಿ, ಸುಣ್ಣ ಬಳಿದು, ನೆಲವನ್ನು ಪೂರ್ತಿಯಾಗಿ ಒಣಗಿಸಿದ ಬಳಿಕವೇ ಹಕ್ಕಿಗಳನ್ನು ಬಿಡಬೇಕು. ದನಗಳಿರುವ ಕೊಟ್ಟಿಗೆಯಲ್ಲಿ ತೇವ ಮತ್ತು ಘಾಟು ಸದಾ ಇರುವುದರಿಂದ ಅಲ್ಲಿ ಗೂಡು ಮಾಡಬಾರದು.

ಇ) ಮಾಳಿಗೆಯ ಗೂಡು: ಸ್ವಂತ ಅಂಗಳವಿಲ್ಲದವರು ತಾರಸಿಯ ಮೇಲೆ 6 ಅಡಿಗೆ 4 ಅಡಿಯ ಹಗುರ ಗೂಡನ್ನು ಇರಿಸಬಹುದು. ಇದರಲ್ಲಿ 12 ಹಕ್ಕಿಗಳಿಗಿಂತ ಹೆಚ್ಚು ಸಾಕಬಾರದು. ಗಾಳಿಗೆ ಹಾರಿಹೋಗದಂತೆ ನಾಲ್ಕು ಮೂಲೆಗಳನ್ನೂ ಬಿಗಿಯಬೇಕು. ತಾರಸಿಗೆ ತಾಗದಂತೆ ಇಟ್ಟಿಗೆಗಳ ಮೇಲೆ ಕೂರಿಸಿದರೆ ಮಳೆನೀರು ಅಡಿಯಲ್ಲಿ ಹರಿದುಹೋಗುತ್ತದೆ. ನೆರೆಹೊರೆಯವರ ಒಪ್ಪಿಗೆ ಹಾಗೂ ಸ್ಥಳೀಯ ಸಂಸ್ಥೆಯ ನಿಯಮಗಳನ್ನು ಮೊದಲೇ ತಿಳಿದುಕೊಳ್ಳಿ.

ಈ) ಮಡಕೆ ಮತ್ತು ಪೆಟ್ಟಿಗೆ ಗೂಡುಗಳು: ಗೋಡೆಗೆ ಕಟ್ಟುವ ಮಡಕೆಗಳು ಅಥವಾ ಹಣ್ಣಿನ ಪೆಟ್ಟಿಗೆಗಳು ಮನೆಬಳಕೆಯ ಎರಡು ಮೂರು ಜೋಡಿಗಳಿಗೆ ಸಾಕು. ಓಟದ ಹಕ್ಕಿಗಳಿಗೆ ಇವು ಸಲ್ಲವು. ಹಕ್ಕಿಯನ್ನು ಒಳಗೆ ಸೇರಿಸಿಕೊಂಡು ಹಿಡಿಯಲು, ಮೇವನ್ನು ನಿಯಂತ್ರಿಸಲು ಮತ್ತು ಗಂಡು ಹೆಣ್ಣುಗಳನ್ನು ಬೇರ್ಪಡಿಸಲು ಇವುಗಳಲ್ಲಿ ಅವಕಾಶವಿಲ್ಲ.

ಹಕ್ಕಿಗಳ ಸಂಖ್ಯೆ: ಒಂದು ಲೆಕ್ಕಾಚಾರ

8 ಅಡಿಗೆ 6 ಅಡಿಯ ಗೂಡಿನ ನೆಲ 48 ಚದರ ಅಡಿ. ತಲಾ 2 ಚದರ ಅಡಿಯಂತೆ ಇದರಲ್ಲಿ 24 ಹಕ್ಕಿಗಳಿಗೆ ಮಾತ್ರ ಸ್ಥಳವಿದೆ. ಅಂದರೆ 6 ಜೋಡಿ ದೊಡ್ಡ ಹಕ್ಕಿಗಳು ಮತ್ತು 12 ಮರಿಗಳು. ಪಾರಿವಾಳವು ಪ್ರತಿ ಬಾರಿ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ಎರಡನೆಯ ಮೊಟ್ಟೆ ಇಟ್ಟ ಸುಮಾರು 17–18 ದಿನಗಳಿಗೆ ಮರಿಗಳು ಹೊರಬರುತ್ತವೆ. 6 ಜೋಡಿಗಳು ಒಮ್ಮೆ ಮರಿ ಮಾಡಿದರೆ 12 ಮರಿಗಳಾಗಿ ಗೂಡು ಭರ್ತಿಯಾಗುತ್ತದೆ. ತಡೆಯದೆ ಬಿಟ್ಟು ವರ್ಷಕ್ಕೆ ಐದು ಸಲ ಮರಿಯಾದರೆ 60 ಮರಿಗಳಾಗುತ್ತವೆ.

ಇದನ್ನು ತಡೆಯಲು ಎರಡು ಸರಳ ಉಪಾಯಗಳಿವೆ. ಬೇಡವಾದ ಮೊಟ್ಟೆಗಳನ್ನು ಇಟ್ಟ ಕೂಡಲೇ ತೆಗೆದು ಮರದ ಅಥವಾ ಪ್ಲಾಸ್ಟಿಕ್ಕಿನ ಹುಸಿಮೊಟ್ಟೆಗಳನ್ನು ಇರಿಸುವುದು ಒಂದು. ಮರಿ ಮಾಡುವ ಕಾಲ ಮುಗಿದ ಬಳಿಕ ಗಂಡು ಹೆಣ್ಣುಗಳನ್ನು ಪ್ರತ್ಯೇಕ ವಿಭಾಗಗಳಲ್ಲಿಡುವುದು ಇನ್ನೊಂದು. ಆದ್ದರಿಂದ ಗೂಡು ಎಷ್ಟೇ ಚಿಕ್ಕದಿರಲಿ, ನಡುವೆ ಜಾರುಬಾಗಿಲಿನ ಜಾಲರಿ ಅಡ್ಡಗೋಡೆ ಇರಲೇಬೇಕು.

ಒಳಗಿನ ವ್ಯವಸ್ಥೆ

• ಮರಿ ಮಾಡುವ ಅಂಕಣ: ಪ್ರತಿ ಜೋಡಿಗೆ 60 ಸೆಂ.ಮೀ. ಅಗಲ, 40 ಸೆಂ.ಮೀ. ಆಳ ಮತ್ತು 40 ಸೆಂ.ಮೀ. ಎತ್ತರದ ಅಂಕಣವಿರಲಿ. ಹಿಂದಿನ ಮರಿಗಳು ಬೆಳೆಯುತ್ತಿರುವಾಗಲೇ ಹೆಣ್ಣು ಮತ್ತೆ ಮೊಟ್ಟೆ ಇಡುವುದರಿಂದ ಎರಡು ಬೋಗುಣಿಗಳಿಗೆ ಜಾಗ ಬೇಕು. ಕುಂಬಾರರು ಮಾಡುವ, ಸುಮಾರು 22 ಸೆಂ.ಮೀ. ಬಾಯಿಯ ಆಳವಿಲ್ಲದ ಮಣ್ಣಿನ ಬೋಗುಣಿ ಉತ್ತಮ.

• ಗೂಡಿನ ಹಾಸು: ಭತ್ತದ ಹುಲ್ಲು, ತೆಂಗಿನ ಕಡ್ಡಿಯ ತುಂಡುಗಳನ್ನು ನೆಲದ ಮೇಲಿಟ್ಟರೆ ಹಕ್ಕಿಗಳೇ ಒಯ್ದು ಜೋಡಿಸಿಕೊಳ್ಳುತ್ತವೆ. ನಿಪ್ಪಾಣಿ, ಹುಣಸೂರು ಭಾಗದಲ್ಲಿ ದೊರೆಯುವ ತಂಬಾಕಿನ ಒಣದಂಟು ಹೇನು ಮತ್ತು ನೊಣಗಳನ್ನು ದೂರವಿಡಲು ಸಹಾಯಕ.

• ಕೂರುಪಟ್ಟಿಗಳು: ಪ್ರತಿ ಹಕ್ಕಿಗೂ ಒಂದೊಂದು ಕೂರುಪಟ್ಟಿ ಇರಬೇಕು ಮತ್ತು ಇನ್ನೆರಡು ಹೆಚ್ಚಿಗೆ ಇರಬೇಕು. ಮೇಲಿನ ಹಕ್ಕಿಯ ಹಿಕ್ಕೆ ಕೆಳಗಿನದರ ಮೇಲೆ ಬೀಳದಂತೆ ಇಳಿಜಾರು ಹಲಗೆಯ ಪಟ್ಟಿಗಳನ್ನು ಬಳಸಿ.

• ಜಾಲರಿ: ಅರ್ಧ ಅಂಗುಲ ಕಣ್ಣಿನ ವೆಲ್ಡ್ ಮೆಶ್ ಬಳಸಿ. ಕೋಳಿಗೆ ಬಳಸುವ ದೊಡ್ಡ ಕಣ್ಣಿನ ಜಾಲರಿಯಲ್ಲಿ ಇಲಿಮರಿ ಮತ್ತು ಹಾವು ನುಸುಳುತ್ತವೆ.

ಇಳಿಹಲಗೆ ಮತ್ತು ಪ್ರವೇಶದ್ವಾರ

ಓಟದ ಗೂಡಿನ ಅತಿ ಮುಖ್ಯ ಭಾಗ ಇದು. ಸ್ಪರ್ಧಿಗಳ ಗೂಡುಗಳು ಬೇರೆ ಬೇರೆ ದೂರಗಳಲ್ಲಿ ಇರುವುದರಿಂದ ದೂರವನ್ನು ಕಾಲದಿಂದ ಭಾಗಿಸಿ, ನಿಮಿಷಕ್ಕೆ ಎಷ್ಟು ಮೀಟರ್ ಎಂದು ವೇಗವನ್ನು ಲೆಕ್ಕಿಸುತ್ತಾರೆ. ಹಕ್ಕಿ ಮನೆಯ ಮೇಲೆ ಕಾಣಿಸಿಕೊಂಡ ಸಮಯಕ್ಕೆ ಬೆಲೆಯಿಲ್ಲ. ಅದು ಗೂಡು ಸೇರಿ, ಕಾಲಿನ ಉಂಗುರ ಗಡಿಯಾರದಲ್ಲಿ ದಾಖಲಾದ ಸಮಯವೇ ಅಂತಿಮ. 300 ಕಿ.ಮೀ. ದೂರವನ್ನು 250 ನಿಮಿಷಗಳಲ್ಲಿ ಹಾರಿದ ಹಕ್ಕಿಯ ವೇಗ ನಿಮಿಷಕ್ಕೆ 1,200 ಮೀಟರ್. ಅದೇ ಹಕ್ಕಿ ಮಾಡಿನ ಮೇಲೆ ಐದು ನಿಮಿಷ ಕುಳಿತು ಒಳಬಂದರೆ ವೇಗ 1,176 ಮೀಟರಿಗೆ ಇಳಿಯುತ್ತದೆ. ಆಕಾಶದಲ್ಲಿ ಗಳಿಸಿದ್ದನ್ನು ಹಕ್ಕಿ ಗೂಡಿನ ಬಾಗಿಲಲ್ಲಿ ಕಳೆದುಕೊಳ್ಳುತ್ತದೆ.

ಇದಕ್ಕಾಗಿ ಮುಂಭಾಗದಲ್ಲಿ ಒಂದೂವರೆಯಿಂದ 2 ಅಡಿ ಅಗಲದ ಇಳಿಹಲಗೆಯನ್ನೂ, ಅದರ ಹಿಂದೆ ಒಳಕ್ಕೆ ಮಾತ್ರ ತೆರೆದುಕೊಳ್ಳುವ ತೂಗುಸರಳುಗಳ ಬಾಗಿಲನ್ನೂ ಅಳವಡಿಸಬೇಕು. ಸರಳುಗಳ ನಡುವೆ ಸುಮಾರು 5 ಸೆಂ.ಮೀ. ಅಂತರವಿರಲಿ. ಮರಿಗಳು 25–30 ದಿನಗಳಲ್ಲಿ ತಾಯ್ತಂದೆಯರಿಂದ ಬೇರೆಯಾದ ಕೂಡಲೇ ಅವನ್ನು ಇಳಿಹಲಗೆಯ ಮೇಲಿನ ಜಾಲರಿ ಪಂಜರದಲ್ಲಿ ದಿನವೂ ಕೆಲಹೊತ್ತು ಕೂರಿಸಿ ಸುತ್ತಲ ಪರಿಸರವನ್ನು ನೋಡಗೊಡಬೇಕು. ಮೇವಿಗೆ ಮುನ್ನ, ಒಂದೇ ಬಗೆಯ ಸೀಟಿಯ ಕರೆಯೊಂದಿಗೆ ತೂಗುಸರಳಿನ ಮೂಲಕ ಒಳಗೆ ಕರೆದುಕೊಳ್ಳಬೇಕು. ಈ ಅಭ್ಯಾಸ ನೆಲೆಗೊಂಡ ಮೇಲೆಯೇ 2, 5, 10, 20, 40 ಕಿ.ಮೀ. ಹೀಗೆ ಹಂತಹಂತವಾಗಿ, ಓಟದ ದಿಕ್ಕಿನಲ್ಲಿಯೇ ಒಯ್ದು ಬಿಡಬೇಕು. ಬೇರೆ ಗೂಡಿನಲ್ಲಿ ಹಾರಿ ಪಳಗಿದ ದೊಡ್ಡ ಹಕ್ಕಿಗಳನ್ನು ಕೊಂಡು ತಂದಿದ್ದರೆ ಹೊರಗೆ ಬಿಡಬೇಡಿ. ಅವು ಹಳೆಯ ಗೂಡಿಗೇ ಮರಳುತ್ತವೆ. ಅವುಗಳನ್ನು ಮರಿ ಮಾಡಿಸಲು ಮಾತ್ರ ಇರಿಸಿಕೊಳ್ಳಿ.

ಮೇವು ಮತ್ತು ನೀರು

ದೊಡ್ಡ ಹಕ್ಕಿಗೆ ದಿನಕ್ಕೆ ಸುಮಾರು 30–40 ಗ್ರಾಂ ಕಾಳು ಬೇಕು. ಮುಸುಕಿನ ಜೋಳ, ಬಿಳಿಜೋಳ, ಸಜ್ಜೆಗಳ ಜೊತೆಗೆ ಹೆಸರು, ಹುರುಳಿ, ಅಲಸಂದೆ, ಕಡಲೆಗಳನ್ನು ಬೆರೆಸಬೇಕು. ದೂರದ ಹಾರಾಟದ ದಿನಗಳಲ್ಲಿ ಕೊಬ್ಬಿನಾಂಶವುಳ್ಳ ಕುಸುಬೆಯನ್ನು ಅಲ್ಪ ಪ್ರಮಾಣದಲ್ಲಿ ಸೇರಿಸಬಹುದು. 24 ಹಕ್ಕಿಗಳಿಗೆ ತಿಂಗಳಿಗೆ ಸುಮಾರು 25 ಕಿ.ಗ್ರಾಂ. ಕಾಳು ಬೇಕಾಗುತ್ತದೆ. ಮಾರಾಟಕ್ಕೆ ಸಲ್ಲದ ಬೂಷ್ಟು ಹಿಡಿದ ಜೋಳ ಅಥವಾ ಶೇಂಗಾವನ್ನು ಹಕ್ಕಿಗಳಿಗೆ ಹಾಕುವ ರೂಢಿಯನ್ನು ಬಿಡಬೇಕು. ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ವಿಷವು ಯಕೃತ್ತನ್ನು ಕೆಡಿಸುತ್ತದೆ. ಕೀಟನಾಶಕದಿಂದ ಉಪಚರಿಸಿದ ಬಿತ್ತನೆ ಬೀಜವನ್ನು ಎಂದಿಗೂ ಕೊಡಬಾರದು. ಕಪ್ಪೆಚಿಪ್ಪಿನ ಚೂರು, ಸಣ್ಣ ಹರಳು ಮತ್ತು ಶುದ್ಧ ನೀರು ಸದಾ ದೊರೆಯುವಂತಿರಲಿ. ಕ್ಯಾಂಕರ್ ರೋಗವು ಕುಡಿಯುವ ನೀರಿನ ಮೂಲಕವೂ ಹರಡುವುದರಿಂದ ನೀರಿನ ಪಾತ್ರೆಯನ್ನು ದಿನವೂ ಉಜ್ಜಿ ತೊಳೆಯಬೇಕು.

ಶತ್ರುಗಳಿಂದ ರಕ್ಷಣೆ

ಬೆಕ್ಕು, ಪುನುಗು ಬೆಕ್ಕು, ಮುಂಗುಸಿ, ಇಲಿ ಮತ್ತು ಹಾವುಗಳು ರಾತ್ರಿ ಹಗಲೆನ್ನದೆ ಕಾಡುತ್ತವೆ. ಸಂಜೆ ಎಲ್ಲ ಬಾಗಿಲುಗಳನ್ನು ಭದ್ರಪಡಿಸಿ, ಚೆಲ್ಲಿದ ಕಾಳನ್ನು ಗುಡಿಸಿದರೆ ಇಲಿಗಳೂ ಅವುಗಳನ್ನು ಅರಸಿ ಬರುವ ಹಾವುಗಳೂ ಕಡಿಮೆಯಾಗುತ್ತವೆ. ಗಿಡುಗ, ಡೇಗೆಗಳು ಹಾರುವ ಹಕ್ಕಿಗಳನ್ನು ಹಿಡಿಯುತ್ತವೆ. ಇವು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ರಕ್ಷಣೆಯಲ್ಲಿವೆ. ಅವನ್ನು ಕೊಲ್ಲುವುದು, ಬಲೆ ಹಾಕುವುದು ಅಪರಾಧ. ಹಕ್ಕಿಗಳನ್ನು ಹಾರಲು ಬಿಡುವ ಹೊತ್ತನ್ನು ದಿನದಿನಕ್ಕೆ ಬದಲಾಯಿಸುವುದೇ ಉಳಿದಿರುವ ದಾರಿ.

ಸಾಕುವವರ ಆರೋಗ್ಯ: ವಿಶೇಷ ಎಚ್ಚರಿಕೆ

ಹಿಕ್ಕೆ ಮತ್ತು ಗರಿಗಳ ಧೂಳನ್ನು ವರ್ಷಗಟ್ಟಲೆ ಉಸಿರಾಡುವವರಲ್ಲಿ ಕೆಲವರಿಗೆ ಅಲರ್ಜಿ ಸ್ವರೂಪದ ಶ್ವಾಸಕೋಶದ ಉರಿಯೂತ ಬರುತ್ತದೆ. ಗೂಡು ಸ್ವಚ್ಛಗೊಳಿಸಿದ ನಾಲ್ಕರಿಂದ ಎಂಟು ಗಂಟೆಗಳ ಬಳಿಕ ಒಣಕೆಮ್ಮು, ಜ್ವರ, ಮೈಕೈ ನೋವು, ಉಸಿರಾಟದ ತೊಂದರೆ ಕಾಣಿಸಿಕೊಂಡು ಮರುದಿನದ ಹೊತ್ತಿಗೆ ತಗ್ಗುವುದು ಇದರ ಲಕ್ಷಣ. ಇದನ್ನು ನೆಗಡಿಯೆಂದು ಕಡೆಗಣಿಸಿದರೆ ಶ್ವಾಸಕೋಶ ಗಡುಸಾಗಿ, ಮೊದಲಿನ ಸ್ಥಿತಿಗೆ ಮರಳದಂತಾಗಬಹುದು. ಕೆಲವರಲ್ಲಿ ಜ್ವರವಿಲ್ಲದೆ, ಮೆಟ್ಟಿಲು ಹತ್ತುವಾಗಿನ ಏದುಸಿರು ಮಾತ್ರ ನಿಧಾನವಾಗಿ ಹೆಚ್ಚುತ್ತ ಹೋಗುತ್ತದೆ. ಇಂಥವರು ವೈದ್ಯರನ್ನು ಕಂಡಾಗ ತಾವು ಪಾರಿವಾಳ ಸಾಕುತ್ತಿರುವುದನ್ನು ತಪ್ಪದೆ ಹೇಳಬೇಕು.

ಗೂಡನ್ನು ಕೆರೆಯುವ ಮುನ್ನ ಹಿಕ್ಕೆಯ ಮೇಲೆ ನೀರನ್ನು ತೆಳುವಾಗಿ ಸಿಂಪಡಿಸಿ, ಧೂಳು ತಡೆಯುವ ಎನ್-95 ಮುಖಗವಸು ಧರಿಸಿ. ಗೂಡಿಗೆಂದೇ ಬೇರೆ ಬಟ್ಟೆ ಇರಲಿ. ಮಕ್ಕಳಿಂದ ಹಾಗೂ ಉಬ್ಬಸವಿರುವವರಿಂದ ಈ ಕೆಲಸ ಮಾಡಿಸಬೇಡಿ. ಗಾಳಿಯಾಡುವ, ಇಕ್ಕಟ್ಟಿಲ್ಲದ ಗೂಡಿನಲ್ಲಿ ಧೂಳು ಕಡಿಮೆ. ಹಕ್ಕಿಯ ಸಲುವಾಗಿ ಹೇಳಿದ ಅಳತೆಗಳು ನಿಮ್ಮ ಉಸಿರಿಗೂ ಅನ್ವಯಿಸುತ್ತವೆ.

ಹಿಕ್ಕೆಯ ಸದ್ಬಳಕೆ

ಪಾರಿವಾಳದ ಹಿಕ್ಕೆಯಲ್ಲಿ ಸಾರಜನಕ ಮತ್ತು ರಂಜಕ ಹೇರಳವಾಗಿವೆ. ಹಸಿಯಾಗಿ ಹಾಕಿದರೆ ಸಸಿಗಳ ಬೇರು ಸುಡುತ್ತದೆ. ಒಂದು ಬುಟ್ಟಿ ಹಿಕ್ಕೆಗೆ ಮೂರು ನಾಲ್ಕು ಬುಟ್ಟಿ ಒಣ ತರಗೆಲೆ ಬೆರೆಸಿ, ತೇವ ಕಾಪಾಡಿ, ಆಗಾಗ ಮಗುಚಿ ಎರಡು ಮೂರು ತಿಂಗಳು ಕಳಿಸಿದ ಬಳಿಕ ತರಕಾರಿ ಮಡಿಗಳಿಗೆ ಬಳಸಬಹುದು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಪಾರಿವಾಳ ಸಾಕಣೆಯನ್ನು ಖಚಿತ ಆದಾಯದ ಕಸುಬೆಂದು ಯುವಕರಿಗೆ ಪರಿಚಯಿಸಬೇಡಿ. ಓಟದ ಹಕ್ಕಿಗಳಿಗೆ ಹೇಳುವ ಬೆಲೆಗಳು ಕೆಲವೇ ಗೂಡುಗಳಿಗೆ ದಕ್ಕುತ್ತವೆ. ಮೇವಿನ ಖರ್ಚು ಎಲ್ಲರಿಗೂ ಇದೆ. ಸಾಲ ಮಾಡಿ ಹಕ್ಕಿ ಕೊಳ್ಳಲು ಹೊರಟವರಿಗೆ ಮೊದಲು ಎರಡು ಮೂರು ಜೋಡಿಗಳಿಂದ ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಕಳೆಯುವಂತೆ ತಿಳಿಸಿ. ಗೂಡಿಗೆ ಭೇಟಿ ನೀಡಿದಾಗ ಈ ಐದು ಅಂಶಗಳನ್ನು ಪರಿಶೀಲಿಸಿ:

1. ನೆಲ ಒಣಗಿದೆಯೇ?
2. ಬಾಗಿಲು ತೆರೆದಾಗ ಘಾಟು ಬರುತ್ತದೆಯೇ?
3. ಪ್ರತಿ ಹಕ್ಕಿಗೂ ಕೂರುಪಟ್ಟಿ ಇದೆಯೇ?
4. ಹೊಸದಾಗಿ ತಂದ ಹಕ್ಕಿಗಳನ್ನು ಮೂರು ವಾರ ಪ್ರತ್ಯೇಕವಾಗಿ ಇರಿಸಲಾಗಿದೆಯೇ?
5. ಸಾಕುವವರಿಗೆ ಕೆಮ್ಮು ಇದೆಯೇ?

ಕತ್ತು ತಿರುಚುವುದು, ಹಸಿರು ಭೇದಿ, ಕಣ್ಣು ಕೊಕ್ಕುಗಳ ಸುತ್ತ ಸಿಡುಬಿನ ಗಂಟು ಅಥವಾ ಗಂಟಲಲ್ಲಿ ಹಳದಿ ಪೊರೆ ಕಂಡರೆ ಹಕ್ಕಿಯನ್ನು ಬೇರ್ಪಡಿಸಿ ಸಮೀಪದ ಪಶುವೈದ್ಯರನ್ನು ಸಂಪರ್ಕಿಸಬೇಕು. ಲಸಿಕೆ ಮತ್ತು ಔಷಧಗಳನ್ನು ಅವರ ಸಲಹೆಯಂತೆಯೇ ಬಳಸಬೇಕು.