ಅಲ್ಪಬಳಕೆಯ ಕನ್ನಡ ತಂತ್ರಾಂಶದಲ್ಲಿ ಕ್ರ್ಯಾಶ್ ಡಂಪ್: ಗ್ಲೆರಮ್ ಪ್ರಭೃತಿಗಳ ಸಂಖ್ಯಾವಾದದ ಪುನರ್ವಿಮರ್ಶೆ

ಗಣಕದಲ್ಲಿ ನಡೆಯುತ್ತಿರುವ ಒಂದು ತಂತ್ರಾಂಶವು ಹಠಾತ್ತನೆ ಕುಸಿದುಬಿದ್ದಾಗ ಆ ಕ್ಷಣದ ಅದರ ಸ್ಮೃತಿಯನ್ನು ಕಡತವಾಗಿ ಉಳಿಸಿಕೊಂಡು, ತರುವಾಯ ನಿಧಾನವಾಗಿ ದೋಷಾನ್ವೇಷಣೆ ಮಾಡುವ ಪದ್ಧತಿ ಉಪಯುಕ್ತವೆಂಬ ವಿಷಯದಲ್ಲಿ ಇಂದು ಭಿನ್ನಾಭಿಪ್ರಾಯವಿಲ್ಲ. ಭಿನ್ನಾಭಿಪ್ರಾಯವಿರುವುದು, ಎಷ್ಟನ್ನು ಉಳಿಸಬೇಕು ಮತ್ತು ಎಲ್ಲಿ ಉಳಿಸಬೇಕು ಎಂಬಲ್ಲಿ. 2009ರಲ್ಲಿ ಕರ್ಕ್ ಗ್ಲೆರಮ್ ಮತ್ತು ಅವರ ಸಹೋದ್ಯೋಗಿಗಳು ವಿಂಡೋಸ್ ಎರರ್ ರಿಪೋರ್ಟಿಂಗ್ ವ್ಯವಸ್ಥೆಯ ಹತ್ತು ವರ್ಷಗಳ ಅನುಭವವನ್ನು ಕುರಿತು ಮಂಡಿಸಿದ ಪ್ರಬಂಧವು ಈ ಕ್ಷೇತ್ರದ ಆಧಾರಗ್ರಂಥವೆನಿಸಿದೆ. ನೂರು ಕೋಟಿ ಯಂತ್ರಗಳಿಂದ ಬರುವ ವರದಿಗಳನ್ನು ವರ್ಗಗಳಾಗಿ ವಿಂಗಡಿಸಿ, ಹೆಚ್ಚು ಎಣಿಕೆಯ ವರ್ಗಕ್ಕೆ ಮೊದಲ ಗಮನವನ್ನಿತ್ತು, ಬಹುಪಾಲು ವರದಿಗಳಿಂದ ಅತ್ಯಲ್ಪ ಮಾಹಿತಿಯನ್ನು ಮಾತ್ರ ಪಡೆದು, ಅವಶ್ಯವಾದಾಗಷ್ಟೇ ವಿವರಗಳನ್ನು ಕೇಳಿಕೊಳ್ಳುವುದು ಅವರು ಪ್ರತಿಪಾದಿಸಿದ ಕ್ರಮ. ಸಣ್ಣ ಪ್ರಮಾಣದಲ್ಲಿ ಕಾಣಸಿಗದ ದೋಷಗಳು ಬೃಹತ್ ಪ್ರಮಾಣದಲ್ಲಿ ಸಿಕ್ಕುತ್ತವೆಂಬುದು ಅವರ ಹೆಮ್ಮೆಯ ನಿರ್ಣಯ. ಆ ನಿರ್ಣಯ ನಿಜವೇ. ಆದರೆ ಅದರ ಮರುಮಗ್ಗುಲನ್ನು, ಎಂದರೆ ಬೃಹತ್ ಪ್ರಮಾಣವೇ ಇಲ್ಲದ ತಂತ್ರಾಂಶದ ಗತಿಯೇನೆಂಬುದನ್ನು, ಆ ಪ್ರಬಂಧವನ್ನು ಆಧರಿಸಿ ನಡೆಯುವವರು ಸಾಕಷ್ಟು ವಿಚಾರಿಸಿಲ್ಲವೆಂದು ನನ್ನ ಅಭಿಪ್ರಾಯ.

ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ಹೇಳಬಹುದು. ಯೂನಿಕ್ಸ್ ಪರಂಪರೆಯಲ್ಲಿ ಕೋರ್ ಕಡತವೂ, ವಿಂಡೋಸಿನ ಆರಂಭಕಾಲದಲ್ಲಿ ಡಾಕ್ಟರ್ ವಾಟ್ಸನ್ ಎಂಬ ಉಪಕರಣವೂ ಈ ಕಾರ್ಯವನ್ನು ನಿರ್ವಹಿಸುತ್ತಿದ್ದುವು. ವಿಂಡೋಸ್ ವಿಸ್ತಾದ ಮೊದಲನೆಯ ಸರ್ವಿಸ್ ಪ್ಯಾಕ್‌ನಿಂದ ಮೊದಲ್ಗೊಂಡು, ರಿಜಿಸ್ಟ್ರಿಯಲ್ಲಿ ಲೋಕಲ್‌ಡಂಪ್ಸ್ ಎಂಬ ಕೀಲಿಯನ್ನು ನಿರ್ಮಿಸಿದರೆ ಡಂಪು ಅದೇ ಯಂತ್ರದಲ್ಲಿ ಉಳಿಯುವಂತಾಯಿತು. ಕನ್ನಡದ ಪಕ್ಷದಲ್ಲಿ ನೋಡಿದರೆ, 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ವೂ, ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಳಕೆಗೆ ಬಂದ ಕಾಲದಲ್ಲಿ ಅಕ್ಷರದ ತುಂಡುತುಂಡಿಗೂ ಫಾಂಟಿನಲ್ಲಿ ಒಂದೊಂದು ಸಂಕೇತವಿದ್ದು, ಅವುಗಳ ಜೋಡಣೆ ತಂತ್ರಾಂಶದ ಕೈಯಲ್ಲೇ ಇತ್ತು; ಯೂನಿಕೋಡ್ ಬಂದ ಮೇಲೆ ಆ ಹೊಣೆ ಕಾರ್ಯಾಚರಣ ವ್ಯವಸ್ಥೆಯ ಲಿಪಿವಿನ್ಯಾಸ ಘಟಕಕ್ಕೆ ಹೋಯಿತು. ಇದರ ಪರಿಣಾಮವಾಗಿ, ತಪ್ಪು ಮಾಡಿದವನು ಒಂದು ಕಡೆಯಲ್ಲಿದ್ದು, ಕುಸಿತವು ಬೇರೊಬ್ಬನ ಮನೆಯಲ್ಲಿ ಸಂಭವಿಸುವ ಸಾಧ್ಯತೆ ಹೆಚ್ಚಿತು.

ವಿವಾದಾಂಶವನ್ನು ಸ್ಪಷ್ಟಪಡಿಸಲು ಕೊಡಗಿನ ಚೆಟ್ಟಳ್ಳಿಯನ್ನು ನಿದರ್ಶನವಾಗಿ ತೆಗೆದುಕೊಳ್ಳುತ್ತೇನೆ. 1946ರಿಂದ ಕಾಫಿ ಸಂಶೋಧನಾ ಉಪಕೇಂದ್ರವಿರುವ, ಸುತ್ತಲೂ ಕಾಫಿ ತೋಟಗಳೇ ತುಂಬಿದ ಊರು ಅದು. ಅಲ್ಲಿಯ ಯಾವುದೋ ಒಂದು ತೋಟದ ಕಛೇರಿಯಲ್ಲಿ, ರೈಟರು ಆಳುಗಳ ಚೆಕ್‌ರೋಲನ್ನು ಕನ್ನಡದಲ್ಲಿಯೇ ಬರೆದಿಡುವ ಸಣ್ಣ ತಂತ್ರಾಂಶವೊಂದಿದೆಯೆಂದೂ, ಒಬ್ಬನೇ ಬರೆದ ಅದನ್ನು ಅಂತಹ ಹತ್ತಿಪ್ಪತ್ತು ತೋಟಗಳು ಮಾತ್ರ ಬಳಸುತ್ತವೆಯೆಂದೂ ಭಾವಿಸೋಣ. ಕುಯ್ಲಿನ ಕಾಲದಲ್ಲಿ ಸಂಜೆ ತೂಕವಾದ ಹಣ್ಣಿನ ಲೆಕ್ಕವನ್ನು ಏರಿಸುತ್ತಿರುವಾಗ ಅದು ಆಗಾಗ ಕುಸಿಯುತ್ತದೆ. ರೈಟರು ದೂರವಾಣಿಯಲ್ಲಿ ಹೇಳಬಲ್ಲುದು ‘ಸಿಸ್ಟಮ್ ಹೋಯ್ತು’ ಎಂಬಷ್ಟನ್ನೇ. ಕರೆಂಟು ಹೋದಾಗಲೂ ಅವರು ಹೇಳುವ ಮಾತು ಅದೇ.

ದೋಷವನ್ನು ಈಗ ಹತ್ತಿರದಿಂದ ನೋಡಬೇಕು. ‘ರೋಬಸ್ಟಾ’ ಎಂಬ ಪದ ಯೂನಿಕೋಡಿನಲ್ಲಿ 7 ಸಂಕೇತಗಳ ಸಾಲು: ರಕಾರ, ಓಕಾರದ ಚಿಹ್ನೆ, ಬಕಾರ, ಸಕಾರ, ವಿರಾಮ, ಟಕಾರ, ದೀರ್ಘದ ಚಿಹ್ನೆ. ಹೆಸರುಗಳನ್ನು ಹುಡುಕುವುದಕ್ಕಾಗಿಯೋ ಅಕಾರಾದಿಯಾಗಿ ಜೋಡಿಸುವುದಕ್ಕಾಗಿಯೋ ತಂತ್ರಾಂಶವು ಈ ಸಾಲನ್ನು ಪೂರ್ಣವಾಗಿ ವಿಘಟಿಸಿದರೆ, ಓಕಾರದ ಒಂದು ಚಿಹ್ನೆಯು ಎತ್ವ, ಊಕಾರ ಚಿಹ್ನೆ, ದೀರ್ಘಸೂಚಕ ಎಂದು ಮೂರಾಗಿ ಒಡೆದು, 7 ಇದ್ದದ್ದು 9 ಆಗುತ್ತದೆ. ವಿಘಟನೆಯಿಂದ ಉದ್ದ ಬದಲಾಗದೆಂದು ನಂಬಿ, ಅಂತ್ಯಸೂಚಕವನ್ನು ಬಿಟ್ಟು 7 ಸ್ಥಾನಗಳನ್ನಷ್ಟೇ ಕಾದಿರಿಸಿದ್ದರೆ, ಕೊನೆಯ ಟಕಾರವೂ ಅದರ ದೀರ್ಘವೂ ಎಲ್ಲೆಯನ್ನು ದಾಟಿ ಪಕ್ಕಕ್ಕೆ ಚೆಲ್ಲುತ್ತವೆ. ಸ್ಮೃತಿವ್ಯವಸ್ಥಾಪಕವು ಕೇಳಿದ್ದಕ್ಕಿಂತ ತುಸು ಹೆಚ್ಚನ್ನೇ ಕೊಡುವುದು ವಾಡಿಕೆಯಾದುದರಿಂದ ಒಂದು ಪದದ ಚೆಲ್ಲುವಿಕೆ ಸಾಮಾನ್ಯವಾಗಿ ಅಪಾಯ ತರದು. ‘ತೋಟ’, ‘ಚೋಮಿ’, ‘ರೋಬಸ್ಟಾ’ ಎಲ್ಲವೂ ಒಂದೇ ಸಾಲಿನಲ್ಲಿ ಕೂಡಿಕೊಂಡ ದಿನ ಮಾತ್ರ ನೆರೆಯ ಸ್ಮೃತಿಖಂಡದ ತಲೆಬರಹ ಕೆಡುತ್ತದೆ. ಕೆಟ್ಟ ಕೂಡಲೇ ಕುಸಿತವೂ ಆಗುವುದಿಲ್ಲ. ಎಷ್ಟೋ ಹೊತ್ತಿನ ಮೇಲೆ, ಬಟವಾಡೆ ಪಟ್ಟಿಯನ್ನು ಮುದ್ರಿಸುವ ನಿರಪರಾಧಿ ಭಾಗವೊಂದು ಆ ಖಂಡವನ್ನು ಹಿಂದಿರುಗಿಸಲು ಹೋದಾಗ ವ್ಯವಸ್ಥಾಪಕವು ಭ್ರಷ್ಟತೆಯನ್ನು ಗುರುತಿಸಿ ತಂತ್ರಾಂಶವನ್ನು ನಿಲ್ಲಿಸುತ್ತದೆ.

ಈ ಸ್ಥಿತಿಯಲ್ಲಿ ಸಾಮಾನ್ಯ ಮಿನಿಡಂಪ್ ಏನನ್ನು ತೋರಿಸೀತು? ಪ್ರತಿಯೊಂದು ಥ್ರೆಡ್ಡಿನ ಕರೆಸರಣಿ, ರಿಜಿಸ್ಟರುಗಳು, ಹೇರಿಕೊಂಡ ಮಾಡ್ಯೂಲುಗಳ ಪಟ್ಟಿ, ಅಷ್ಟೇ. ಸರಣಿಯ ತುದಿಯಲ್ಲಿ ಮುದ್ರಣಭಾಗವೂ ವ್ಯವಸ್ಥಾಪಕವೂ ಕಾಣುವುವೇ ಹೊರತು ವಿಘಟನೆ ಮಾಡಿದ ಭಾಗದ ಸುಳಿವಿರದು. ಮೂರು ತೋಟಗಳಲ್ಲಿ ಮೂರು ಸಲ ಕುಸಿದರೆ ಬಲಿಯಾಗುವ ಭಾಗ ಮೂರು ಸಲವೂ ಬೇರೆಯಾಗಿದ್ದು, ಒಂದೊಂದೇ ಎಣಿಕೆಯ ಮೂರು ವರ್ಗಗಳು ಹುಟ್ಟಿಕೊಳ್ಳಬಹುದು. ಒಂದೇ ದೋಷ ಹಲವು ವರ್ಗಗಳಾಗಿ ಒಡೆಯುವ ಈ ತೊಡಕನ್ನು ಗ್ಲೆರಮ್ ಮತ್ತಿತರರು ಬಲ್ಲರು. ಸರ್ವರಿನಲ್ಲಿ ಡಂಪನ್ನು ವಿಶ್ಲೇಷಿಸಿ ವರ್ಗಗಳನ್ನು ಕೂಡಿಸುವ ಉಪಾಯಗಳನ್ನೂ ಅವರು ಹೇಳಿರುವುದರಿಂದ, ಅವರು ಇದನ್ನು ಕಡೆಗಣಿಸಿದರೆಂದು ಆಕ್ಷೇಪಿಸುವುದು ಅನ್ಯಾಯವಾದೀತು. ನನ್ನ ಆಕ್ಷೇಪ ಬೇರೆ. ಆ ಉಪಾಯಗಳಿಗೆ ಬಲ ಬರುವುದು ಸಂಖ್ಯೆಯಿಂದ. ಹತ್ತಿಪ್ಪತ್ತು ತೋಟಗಳಿಂದ ಅಂತಹ ಸಂಖ್ಯೆ ಎಂದಿಗೂ ಬಾರದು.

ಪೂರ್ಣ ಡಂಪಿನಲ್ಲಾದರೋ ಹೀಪಿನ ಸಮಸ್ತವೂ ಇರುತ್ತದೆ. ಭ್ರಷ್ಟವಾದ ತಲೆಬರಹದ ವಿಳಾಸಕ್ಕೆ ಹೋಗಿ ಅಲ್ಲಿರುವ ಬೈಟುಗಳನ್ನು ಎರಡೆರಡಾಗಿ ಓದಿದರೆ ಕನ್ನಡದ ಸಂಕೇತಗಳು ಎದುರಾಗುತ್ತವೆ. ಹಿಂದಕ್ಕೆ ಓದುತ್ತ ಹೋದರೆ ಸಾಲಿನ ಉಳಿದ ಭಾಗವೂ, ಮೂರಾಗಿ ಒಡೆದ ಓಕಾರವೂ ಸಿಕ್ಕುತ್ತವೆ. ಎಣಿಕೆಯ ನೆರವಿಲ್ಲದೆ ಒಂದೇ ಕುಸಿತದಿಂದ ಕಾರಣದ ಬಾಗಿಲಿಗೆ ಬಂದಂತಾಯಿತು.

2018ರ ಫೆಬ್ರವರಿಯ ಪ್ರಸಂಗವೊಂದು ಇದಕ್ಕೆ ಪರೋಕ್ಷ ಸಮರ್ಥನೆಯನ್ನೀಯುತ್ತದೆ. ತೆಲುಗಿನ ಒಂದು ಸಂಯುಕ್ತಾಕ್ಷರ ತೆರೆಯ ಮೇಲೆ ಬಂದೊಡನೆ ಆಪಲ್ ಸಂಸ್ಥೆಯ ಫೋನುಗಳಲ್ಲಿಯೂ ಮ್ಯಾಕ್ ಗಣಕಗಳಲ್ಲಿಯೂ ತಂತ್ರಾಂಶಗಳು ಕುಸಿಯುತ್ತಿದ್ದುವು. ಮನೀಷ್ ಗೋರೆಗಾಂವ್ಕರ್ ಅವರು ಮೂಲ ಕೋಡನ್ನು ಕಾಣದೆಯೇ, ಅಕ್ಷರಕ್ರಮಗಳನ್ನು ಬದಲಾಯಿಸಿ ಪ್ರಯೋಗಿಸುತ್ತ, ತೆಲುಗು, ಬಂಗಾಳಿ, ದೇವನಾಗರಿಗಳಲ್ಲಿ ಯಾವ ರಚನೆ ಕುಸಿತವನ್ನು ತರುತ್ತದೆಂಬುದನ್ನು ಸೂತ್ರೀಕರಿಸಿದರು. ವ್ಯಂಜನ, ವಿರಾಮ, ವ್ಯಂಜನ, ಝೀರೋ ವಿಡ್ತ್ ನಾನ್ ಜಾಯ್ನರ್, ಸ್ವರಚಿಹ್ನೆ ಎಂಬ ಕ್ರಮ ಅದರ ತಿರುಳು. ಸೂತ್ರ ಶ್ಲಾಘ್ಯವಾದುದೇ. ಆದರೂ ರಚನೆಯಲ್ಲಿ ತೆಲುಗಿಗೆ ಅತಿ ಸಮೀಪದ ಕನ್ನಡವು ಏಕೆ ಪಾರಾಯಿತೆಂಬ ಪ್ರಶ್ನೆಯನ್ನು ಅವರೇ ಎತ್ತಿ ಉತ್ತರವಿಲ್ಲದೆ ಬಿಡಬೇಕಾಯಿತು. ಹೊರಗಿನಿಂದ ಎಷ್ಟು ಪ್ರಯೋಗಿಸಿದರೂ ಕಾರ್ಯದ ಲಕ್ಷಣ ಸಿಕ್ಕೀತಲ್ಲದೆ ಕಾರಣ ಸಿಕ್ಕದೆಂಬುದಕ್ಕೆ ಇದೊಂದು ಸಾಕ್ಷ್ಯ. ನಿರ್ಣಾಯಕ ಸಾಕ್ಷ್ಯವೆಂದು ಹೇಳಲಾರೆ, ಏಕೆಂದರೆ ಮೂಲ ಕೋಡ್ ಕೈಯಲ್ಲಿಲ್ಲದವನಿಗೆ ಪೂರ್ಣ ಡಂಪೂ ಎಲ್ಲವನ್ನೂ ಹೇಳದು.

ಹೀಗಾಗಿ ನನ್ನ ಪ್ರತಿಪಾದನೆ ಇದು: ಕನ್ನಡ ಪಠ್ಯವನ್ನು ನಿರ್ವಹಿಸುವ ಅಲ್ಪಬಳಕೆಯ ತಂತ್ರಾಂಶದಲ್ಲಿ, ಸ್ಥಾಪನೆಯ ಹೊತ್ತಿಗೇ, ಪೂರ್ಣ ಡಂಪು ಸ್ಥಳೀಯವಾಗಿ ಉಳಿಯುವಂತೆ ಏರ್ಪಡಿಸತಕ್ಕದ್ದು. ಇದನ್ನು ಕೆಲವು ನಿಬಂಧನೆಗಳೊಡನೆಯೇ ಗ್ರಹಿಸಬೇಕು. ಮೊದಲನೆಯದಾಗಿ, ಕರೆಸರಣಿಯಿಂದ ಪರೋಕ್ಷವಾಗಿ ನಿರ್ದೇಶಿತವಾದ ಸ್ಮೃತಿಯನ್ನೂ ಸೇರಿಸುವ ಮಧ್ಯಮ ಮಾರ್ಗವೊಂದು ವಿಂಡೋಸಿನಲ್ಲಿದೆ. ದೋಷವೂ ಕುಸಿತವೂ ಒಂದೇ ಸ್ಥಳದಲ್ಲಿದ್ದರೆ ಅದು ಸಾಕಾದೀತು, ಮೇಲಿನ ನಿದರ್ಶನದಂತೆ ಅವು ದೂರವಾಗಿದ್ದರೆ ಸಾಕಾಗದೆಂದು ನನ್ನ ಊಹೆ. ಎರಡನೆಯದಾಗಿ, ಪೂರ್ಣ ಡಂಪು ಯಾರು ಚೆಲ್ಲಿದರೆಂಬುದನ್ನು ತೋರಿಸದೆ ಏನು ಚೆಲ್ಲಿತೆಂಬುದನ್ನು ಮಾತ್ರ ತೋರಿಸುತ್ತದೆ. ಚೆಲ್ಲಿದ ಕ್ಷಣವನ್ನೇ ಹಿಡಿಯಬೇಕಾದರೆ ಪ್ರತಿಯೊಂದು ಖಂಡದ ಅಂಚಿಗೂ ಕಾವಲುಪುಟವನ್ನಿಡುವ ಪೇಜ್ ಹೀಪ್ ವ್ಯವಸ್ಥೆಯನ್ನು ಕೆಲವು ದಿನ ಜಾರಿಯಲ್ಲಿಡಬೇಕು, ಮತ್ತು ಹಳೆಯ ಯಂತ್ರದಲ್ಲಿ ಅದರ ಭಾರ ಸಹ್ಯವಾಗದಿರಬಹುದು. ಮೂರನೆಯದು, ಬಿಡುಗಡೆ ಮಾಡಿದ ಪ್ರತಿಯೊಂದು ಆವೃತ್ತಿಯ ಸಿಂಬಲ್ ಕಡತಗಳನ್ನೂ ಜೋಪಾನವಾಗಿಟ್ಟಿರದಿದ್ದರೆ ಡಂಪು ಲಿಪಿ ಬಲ್ಲವರಿಲ್ಲದ ಶಾಸನದಂತೆ ಉಳಿದುಬಿಡುತ್ತದೆ.

ಏರ್ಪಾಡಿನ ಕ್ರಮ ಸರಳ. ಲೋಕಲ್‌ಡಂಪ್ಸ್ ಕೀಲಿಯ ಕೆಳಗೆ ತಂತ್ರಾಂಶದ ಕಾರ್ಯಕಡತದ ಹೆಸರಿನಲ್ಲೇ ಉಪಕೀಲಿಯೊಂದನ್ನು ನಿರ್ಮಿಸಿ, ಡಂಪ್‌ಟೈಪ್ ಮೌಲ್ಯವನ್ನು 2 ಎಂದಿಟ್ಟರೆ ಪೂರ್ಣ ಡಂಪು ದೊರೆಯುತ್ತದೆ. ಏನನ್ನೂ ಹೇಳದಿದ್ದರೆ ಅದು 1, ಎಂದರೆ ಮಿನಿಡಂಪ್. ಉಳಿಸಬೇಕಾದ ಕಡತಗಳ ಸಂಖ್ಯೆ ತಾನಾಗಿ 10 ಇರುತ್ತದೆ. ತೋಟದ ಕಛೇರಿಯ ಡಿಸ್ಕಿಗೆ 3 ಸಾಕು. ಇದಕ್ಕೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಕಾದುದರಿಂದ ಸ್ಥಾಪನಾಕಾಲವೇ ಪ್ರಶಸ್ತ. ತಂತ್ರಾಂಶವು ತನ್ನೊಳಗೇ ಕುಸಿತವನ್ನು ಹಿಡಿಯಲೆತ್ನಿಸುವುದಕ್ಕಿಂತ ಈ ಮಾರ್ಗ ಲೇಸು, ಏಕೆಂದರೆ ಕ್ಷಿಪ್ರಸ್ಥಗನವೆನ್ನಬಹುದಾದ ಫೇಲ್ ಫಾಸ್ಟ್ ವಿಧದ ಕುಸಿತಗಳು ತಂತ್ರಾಂಶದ ಒಳಗಿನ ಕಾವಲನ್ನು ಲೆಕ್ಕಿಸದೆ ಹೋಗುತ್ತವೆ. ಇನ್ನೊಂದು ಲಾಭವೂ ಉಂಟು: ಏರ್ಪಾಡು ಸರಿಯಾಗಿರುವಲ್ಲಿ ಡಂಪಿನ ಅಭಾವವೇ ಒಂದು ಸಾಕ್ಷ್ಯವಾಗುತ್ತದೆ. ಆಷಾಢದ ಮಳೆಯಲ್ಲಿ ಕರೆಂಟು ಹೋದುದರಿಂದ ನಿಂತ ಯಂತ್ರ ಡಂಪನ್ನು ಬಿಡದು. ‘ಸಿಸ್ಟಮ್ ಹೋಯ್ತು’ ಎಂಬ ಮಾತಿನ ಎರಡು ಅರ್ಥಗಳನ್ನು ಹೀಗೆ ಬೇರ್ಪಡಿಸಬಹುದು.

ಅತ್ಯಂತ ಗಂಭೀರವಾದ ಆಕ್ಷೇಪ ಇನ್ನೂ ಉಳಿದಿದೆ. ಪೂರ್ಣ ಡಂಪಿನಲ್ಲಿ ಆಳುಗಳ ಹೆಸರು, ಕೂಲಿ, ಬ್ಯಾಂಕಿನ ಖಾತೆಸಂಖ್ಯೆ ಎಲ್ಲವೂ ಇರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಬೆಳಕಿನಲ್ಲಿ ಅದನ್ನು ಸಿಕ್ಕಸಿಕ್ಕವರಿಗೆ ಕಳುಹಿಸುವಂತಿಲ್ಲ. ತಂತ್ರಾಂಶಕರ್ತನು ತೋಟಕ್ಕೇ ಬಂದು ಅದೇ ಯಂತ್ರದಲ್ಲಿ ಡಂಪನ್ನು ತೆರೆದು ನೋಡುವುದು ಸದ್ಯಕ್ಕೆ ನನಗೆ ತೋರುವ ಪರಿಹಾರ. ದೋಷಕ್ಕೆ ಕಾರಣವಾದ ಅಕ್ಷರವಿನ್ಯಾಸವನ್ನು ಉಳಿಸಿಕೊಂಡು ವ್ಯಕ್ತಿಯ ಗುರುತನ್ನಷ್ಟೇ ಡಂಪಿನಿಂದ ಅಳಿಸುವುದು ಸಾಧ್ಯವೇ, ಓಕಾರದ ಹೆಸರಿನ ಬದಲಿಗೆ ಅದೇ ಉದ್ದದ, ಅದೇ ರೀತಿ ವಿಘಟನೆಗೊಳ್ಳುವ ಬೇರೊಂದು ಹೆಸರನ್ನು ಯಾಂತ್ರಿಕವಾಗಿ ಕೂರಿಸಿದರೆ ಸಾಕ್ಷ್ಯ ಕೆಡದಿರುವುದೇ ಎಂಬುದು ಕನ್ನಡ ಲಿಪಿಯ ವಿನ್ಯಾಸವನ್ನೂ ಸ್ಮೃತಿವ್ಯವಸ್ಥೆಯನ್ನೂ ಒಟ್ಟಿಗೆ ಬಲ್ಲವರು ಇನ್ನು ಮುಂದೆ ಪರೀಕ್ಷಿಸಬೇಕಾದ ವಿಷಯ.