ಕರಟದಲ್ಲಿ ಬಂದ ಬ್ರಂಚು

ಹೋದ ತಿಂಗಳ ಒಂದು ಭಾನುವಾರ ಅಪ್ಪನನ್ನ ಬ್ರಂಚಿಗೆ ಕರ್ಕೊಂಡು ಹೋಗಿದ್ದೆ. ಕಣ್ಣಿನ ಪೊರೆ ತೆಗೆಸೋಕೆ ಅಂತ ಊರಿಂದ ಬಂದಿದ್ದವನು ಆಪರೇಷನ್ ಮುಗಿಸಿ ಚೇತರಿಸಿಕೊಂಡಿದ್ದ. ನಾಳೆ ಹೊರಡ್ತೀನಿ ಅಂದ. ಹೋಗೋ ಮೊದಲು ಎಲ್ಲಾದ್ರೂ ಒಳ್ಳೆ ಕಡೆ ತಿನ್ನಿಸೋಣ ಅಂತ ನನಗೂ ನನ್ನ ಹೆಂಡತಿಗೂ ಆಸೆ. ಮನೆ ಹತ್ತಿರ ಹೊಸದಾಗಿ ಒಂದು ಬ್ರೇಕ್‌ಫಾಸ್ಟ್ ಕೆಫೆ ಆಗಿತ್ತು. ಆಫೀಸಿನವರೆಲ್ಲ ಫೋಟೋ ಹಾಕ್ತಿದ್ರು. ಸರಿ, ಹೊರಟ್ವಿ.

'ಬ್ರಂಚು ಅಂದ್ರೇನ್ಲಾ?' ಅಂದ ಅಪ್ಪ. ಬೆಳಗಿನ ತಿಂಡಿ ಮಧ್ಯಾಹ್ನದ ಊಟ ಎರಡೂ ಸೇರಿಸಿ ಹನ್ನೊಂದು ಗಂಟೆಗೆ ತಿನ್ನೋದು ಅಂದೆ. 'ಅದ್ನ ನಾವು ದಿನಾ ತಿಂತೀವಲ್ಲ' ಅಂದ. ನಿಜವೇ. ನಾಗಮಂಗಲ ಕಡೆಯ ನಮ್ಮೂರಲ್ಲಿ ಬೆಳಗ್ಗೆ ಎದ್ದವರು ಕೊಟ್ಟಿಗೆ ಬಾಚಿ, ಹೊಲಕ್ಕೊಂದು ಸುತ್ತು ಹೋಗಿ ಬಂದು, ಹತ್ತೂವರೆ ಹನ್ನೊಂದಕ್ಕೆ ಮುದ್ದೆ ಉಣ್ಣೋದೇ ರೂಢಿ. ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ, ಅಷ್ಟೆ.

ಹೆಸರಿಟ್ಟವನು ಇಂಗ್ಲೆಂಡಿನ ಗೈ ಬೆರಿಂಜರ್ ಅನ್ನೋ ಬರಹಗಾರ. 1895ರಲ್ಲಿ ಒಂದು ವಾರಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ಶನಿವಾರ ರಾತ್ರಿ ಕುಡಿದು ಕುಣಿದವರು ಭಾನುವಾರ ಬೇಗ ಏಳಬೇಕಾಗಿಲ್ಲ, ತಡವಾಗಿ ಎದ್ದು ಒಂದೇ ಸಲ ತಿನ್ನಲಿ ಅಂತ ವಾದ ಮಾಡಿದ. ಅಂದ್ರೆ ಬ್ರಂಚು ಹುಟ್ಟಿದ್ದೇ ತಡವಾಗಿ ಏಳೋರಿಗೆ. ನಮ್ಮಪ್ಪನ ಹನ್ನೊಂದು ಗಂಟೆ ಊಟ ಬೇಗ ಎದ್ದೋರಿಗೆ. ಗಡಿಯಾರ ಒಂದೇ, ದಾರಿ ಬೇರೆ ಬೇರೆ.

ಕೆಫೆ ಮುಂದೆ ಹೋಗಿ ನಿಂತರೆ ಟ್ಯಾಬ್ ಹಿಡಿದ ಹುಡುಗಿ 'ಸರ್, ರಿಸರ್ವೇಷನ್ ಇದೆಯಾ?' ಅಂದಳು. ಇರಲಿಲ್ಲ. ಹೆಸರು, ಫೋನ್ ನಂಬರ್ ಬರೆಸಿ ಫುಟ್‌ಪಾತ್ ಮೇಲೆ ಐವತ್ತು ನಿಮಿಷ ಕಾದ್ವಿ. ಅಪ್ಪ ಕಪ್ಪು ಕನ್ನಡಕ ಹಾಕ್ಕೊಂಡು ಒಂದು ಬೈಕಿಗೆ ಒರಗಿ ನಿಂತಿದ್ದ. ಒಳಗೆ ಹೋದ ಮೇಲೆ ಮೆನು ಕಾರ್ಡಿಲ್ಲ, ಫೋನಲ್ಲಿ ಸ್ಕ್ಯಾನ್ ಮಾಡಬೇಕು. ರಾಗಿ ಪ್ಯಾನ್‌ಕೇಕ್ 380 ರೂಪಾಯಿ. ತಣ್ಣಗಿತ್ತು, ಒಳಗೆ ಹಸಿ ಹಿಟ್ಟು. 'ರಾಗಿ ರೊಟ್ಟಿ ಬೇಯಿಸೋಕ್ ಬರ್ದೆ ಮೇಲೆ ಜೋನಿ ಬೆಲ್ಲ ಸುರ್ದವ್ರೆ' ಅಂದ ಅಪ್ಪ. ನಕ್ವಿ. ಅಲ್ಲೀವರೆಗೂ ಅದು ಮನೆಗೆ ಬಂದು ತಮಾಷೆ ಮಾಡಬಹುದಾದ ಬ್ರಂಚೇ ಆಗಿತ್ತು.

ಆಮೇಲೆ ಅಪ್ಪನಿಗೆ ಅಂತ ಹೇಳಿದ್ದ ಹಣ್ಣಿನ ಬೌಲ್ ಬಂತು. ಬಾಳೆಹಣ್ಣು ಮಾವಿನಹಣ್ಣು ರುಬ್ಬಿ, ಮೇಲೆ ಕಾಳು ಉದುರಿಸಿ, ಪಾಲಿಶ್ ಹಾಕಿದ ತೆಂಗಿನ ಕರಟದಲ್ಲಿ ಕೊಟ್ಟಿದ್ರು. ನಮ್ಮಿಬ್ಬರಿಗೆ ಪಿಂಗಾಣಿ ತಟ್ಟೆ. ಅಪ್ಪ ಅದನ್ನ ಬಹಳ ಹೊತ್ತು ನೋಡಿದ. ಮುಟ್ಟಲಿಲ್ಲ. ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದ, 'ನಂಗೊಬ್ಬನಿಗೇ ಯಾಕೆ ಕರಟದಲ್ಲಿ ಕೊಟ್ಟವ್ರೆ ಮಗ?'

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ತಿಂಡಿಗಳು ಹಳೇವು. ಹತ್ತನೇ ಶತಮಾನದ 'ವಡ್ಡಾರಾಧನೆ'ಯಲ್ಲೇ 'ಇಡ್ಡಲಿಗೆ' ಬರುತ್ತೆ. ಹನ್ನೆರಡನೇ ಶತಮಾನದಲ್ಲಿ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಉದ್ದಿನ 'ಇಡ್ಡರಿಕ' ಮಾಡೋ ಕ್ರಮ ಇದೆ. ಆದರೆ ಕಾಸು ಕೊಟ್ಟು, ಗುರುತಿಲ್ಲದವರ ಪಕ್ಕ ಕೂತು ಇಡ್ಲಿ ತಿನ್ನೋದು ಹೊಸದು. ಅದಕ್ಕೆ ನೂರು ವರ್ಷದ ಆಸುಪಾಸು ಅಷ್ಟೆ. ಯಾಕೆಂದ್ರೆ ಏನು ತಿಂದೆ ಅನ್ನೋದಕ್ಕಿಂತ ಯಾರು ಬೇಯಿಸಿದ್ದು, ಯಾರ ಪಕ್ಕ ಕೂತು ತಿಂದೆ ಅನ್ನೋದೇ ನಮ್ಮಲ್ಲಿ ದೊಡ್ಡ ಪ್ರಶ್ನೆ.

ಮೊದಲನೇ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಉಡುಪಿ ಕಡೆಯಿಂದ ಬಂದ ಬ್ರಾಹ್ಮಣ ಅಡುಗೆಯವರು. ಅವರು ಬೇಯಿಸಿದ್ದನ್ನ ಎಲ್ಲರೂ ತಿನ್ನಬಹುದಿತ್ತು. 1924ರಲ್ಲಿ ಮಯ್ಯ ಸಹೋದರರು ಬೆಂಗಳೂರಲ್ಲಿ ತೆರೆದ ಹೋಟೆಲಿನ ಮೊದಲ ಹೆಸರು 'ಬ್ರಾಹ್ಮಿನ್ ಕಾಫಿ ಕ್ಲಬ್'. ಅದೇ ಮುಂದೆ 1960ರಲ್ಲಿ ಲಾಲ್‌ಬಾಗ್ ರಸ್ತೆಗೆ ಬಂದು 'ಮಾವಳ್ಳಿ ಟಿಫಿನ್ ರೂಮ್ಸ್' ಆಯ್ತು, ನಮ್ಮೆಲ್ಲರ ಎಂಟಿಆರ್. ಆ ಕಾಲದಲ್ಲಿ ಬೋರ್ಡಿನ ಮೇಲೆ ಜಾತಿ ಬರೆಯೋದು ದಕ್ಷಿಣದ ಊರುಗಳಲ್ಲೆಲ್ಲ ಮಾಮೂಲು. ಇವತ್ತು ಕಂಪನಿಗಳು ಐಎಸ್ಒ ಸರ್ಟಿಫಿಕೇಟನ್ನ ಗೋಡೆಗೆ ತಗುಲಿಹಾಕ್ತಾರಲ್ಲ, ಹಾಗೆ.

ಎರಡನೇ ಪ್ರಶ್ನೆ, ಯಾರ ಪಕ್ಕ ಅನ್ನೋದು, ಅಷ್ಟು ಸುಲಭಕ್ಕೆ ಬಗೆಹರೀಲಿಲ್ಲ. ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ, ಉಳಿದವರಿಗೆ ಬೇರೆ. ನಮ್ಮಂಥ ಕೇರಿಯವರಿಗೆ ಬಾಗಿಲ ಹೊರಗೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನ ತೆಗೆದುಹಾಕಿತು ಅನ್ನೋದು ಎಲ್ಲರಿಗೂ ಗೊತ್ತು. ಆದರೆ 15ನೇ ವಿಧಿಯ ಎರಡನೇ ಖಂಡ ಓದಿ ನೋಡಿ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಒಂದೊಂದನ್ನೂ ಹೆಸರಿಟ್ಟು ಬರೆದಿದ್ದಾರೆ. ದೇಶದ ಮೂಲ ಕಾನೂನಲ್ಲಿ ಹೋಟೆಲಿನ ಹೆಸರು ಬರೀಬೇಕಾಯ್ತು ಅಂದ್ರೆ ಕಾಯಿಲೆ ಎಲ್ಲಿತ್ತು ಅಂತ ಬರೆದವರಿಗೆ ಗೊತ್ತಿತ್ತು. 1955ರಲ್ಲಿ ಶಿಕ್ಷೆ ವಿಧಿಸೋ ಕಾಯ್ದೆಯೂ ಬಂತು. 1957ರಲ್ಲಿ ಮದ್ರಾಸಲ್ಲಿ ಒಂದು ಹೋಟೆಲಿನ ಬೋರ್ಡಿಂದ 'ಬ್ರಾಹ್ಮಣ' ಅನ್ನೋ ಒಂದು ಪದ ತೆಗೆಸೋಕೆ ಪೆರಿಯಾರ್ ಕಡೆಯವರು ತಿಂಗಳುಗಟ್ಟಲೆ ಧರಣಿ ಮಾಡಬೇಕಾಯ್ತು.

ಈ ಕಾನೂನು ನಮ್ಮೂರಿಗೆ ಬಂದು ಮುಟ್ಟೋಕೆ ಇನ್ನೂ ಟೈಮ್ ಹಿಡೀತು. ಎಪ್ಪತ್ತರ ದಶಕದಲ್ಲಿ ಅಪ್ಪ ಹರೆಯದ ಹುಡುಗ. ಊರ ಬಾಗಿಲ ಟೀ ಅಂಗಡೀಲಿ ಗಾಜಿನ ಲೋಟ ಊರಿನವರಿಗೆ. ಕೇರಿಯವರಿಗೆ ಅಂತ ಸೂರಿಗೆ ಸಿಕ್ಕಿಸಿದ ಕರಟಗಳು. ಟೀ ಬೇಕಾದವನು ಅದನ್ನ ತಾನೇ ತೆಗೆದು ಕೆಳಗಿಡಬೇಕು, ಅಂಗಡಿಯವನು ಮೇಲಿಂದ ಹೊಯ್ತಾನೆ, ಕುಡಿದು ತೊಳೆದು ಮತ್ತೆ ಸೂರಿಗೆ ಸಿಕ್ಕಿಸಬೇಕು. ಇದನ್ನ ನಾನು ಅಪ್ಪನ ಬಾಯಲ್ಲಿ ಕೇಳಿದ್ದು ಒಂದೇ ಸಲ, ಚಿಕ್ಕವನಿದ್ದಾಗ. ಆಮೇಲೆ ಅವನು ಆ ಮಾತೆತ್ತಿರಲಿಲ್ಲ. ನಾನೂ ಮರೆತಿದ್ದೆ. ಮರೆತು ಫೋನಿನ ಮೆನುವಿನಲ್ಲಿ ಚಿತ್ರ ಚೆನ್ನಾಗಿದೆ ಅಂತ ಒತ್ತಿದ್ದೆ.

'ಅದು ಫ್ಯಾಷನ್ ಅಪ್ಪ, ಎಲ್ರಿಗೂ ಹಂಗೇ ಕೊಡ್ತಾರೆ' ಅಂದೆ. ಪಕ್ಕದ ಟೇಬಲಿಗೂ ಒಂದು ಕರಟ ಬಂದಿತ್ತು, ತೋರಿಸಿದೆ. 'ಓಹೋ' ಅಂದ. ತಂದಿಟ್ಟ ಹುಡುಗ ಈಶಾನ್ಯದ ಯಾವುದೋ ರಾಜ್ಯದವನು, ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಅವನಿಗೇನು ಗೊತ್ತು? ಆ ಕೆಫೆ ನಡೆಸೋರಿಗೂ ಗೊತ್ತಿರಲಾರದು. ಬೈಯೋಕೆ ಯಾರೂ ಸಿಗಲಿಲ್ಲ. ಬೌಲ್ ಹಾಗೇ ಉಳೀತು. ಬಿಲ್ಲು ಎರಡು ಸಾವಿರ ದಾಟಿತ್ತು.

ಹೊರಗೆ ಬಂದ ಮೇಲೆ ಅಪ್ಪ 'ಒಂದ್ ಕಾಫಿ ಕುಡಿಯವಾ' ಅಂದ. ಎದುರಿಗೇ ದರ್ಶಿನಿ ಇತ್ತು.

ದರ್ಶಿನಿಗೂ ಒಂದು ಚರಿತ್ರೆ ಇದೆ. 1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ 'ಕೆಫೆ ದರ್ಶಿನಿ' ಶುರು ಮಾಡಿದ್ರು. ವಿದೇಶದ ಫಾಸ್ಟ್‌ಫುಡ್ ಅಂಗಡಿಗಳನ್ನ ನೋಡಿ ಹೊಳೆದದ್ದು ಅಂತಾರೆ. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ, ಮೊದಲು ಕಾಸು ಕೊಟ್ಟು ಟೋಕನ್ ತಗೋಬೇಕು, ಕಣ್ಣೆದುರೇ ಬೇಯಿಸ್ತಾರೆ, ನಿಂತು ತಿಂದು ಹೋಗ್ತಿರಬೇಕು. ಜಾಗ ಕಡಿಮೆ, ಆಳು ಕಡಿಮೆ, ಆದ್ದರಿಂದ ಬೆಲೆಯೂ ಕಡಿಮೆ. ಸಮಾನತೆ ತರೋಕೆ ಅಂತ ಯಾರೂ ಅದನ್ನ ಮಾಡಲಿಲ್ಲ, ವ್ಯಾಪಾರಕ್ಕೆ ಮಾಡಿದ್ದು. ಆದರೆ ಕೂರೋ ಜಾಗವೇ ಇಲ್ಲ ಅಂದ ಮೇಲೆ ಯಾರ ಪಕ್ಕ ಕೂರಬೇಕು ಅನ್ನೋ ಪ್ರಶ್ನೆ ಎಲ್ಲಿಂದ ಬರುತ್ತೆ? ನಮ್ಮ ಸಾಫ್ಟ್‌ವೇರ್ ಭಾಷೇಲಿ ಹೇಳೋದಾದ್ರೆ ಅದು ಲಾಗಿನ್ ಇಲ್ಲದ ವ್ಯವಸ್ಥೆ. ಟೋಕನ್ ಇದೆಯಾ, ದೋಸೆ ತಗೋ. ಹೆಸರು ಬೇಡ, ಊರು ಬೇಡ, ಫೋನ್ ನಂಬರೂ ಬೇಡ.

ನಾನು ಇಂಜಿನಿಯರಿಂಗ್ ಸೀಟಿಗೆ ಕೌನ್ಸೆಲಿಂಗ್ ಅಂತ ಅಪ್ಪನ ಜೊತೆ ಮೊದಲ ಸಲ ಬೆಂಗಳೂರಿಗೆ ಬಂದಾಗ ಮಲ್ಲೇಶ್ವರದ ಒಂದು ದರ್ಶಿನೀಲೇ ತಿಂಡಿ ತಿಂದಿದ್ವಿ. ಅಪ್ಪ ಒಂದು ಮಸಾಲೆ ದೋಸೆಯನ್ನ ಎರಡು ಭಾಗ ಮಾಡಿ ದೊಡ್ಡದು ನನಗೆ ಕೊಟ್ಟಿದ್ದ. ಪಕ್ಕದಲ್ಲಿ ಟೈ ಕಟ್ಟಿಕೊಂಡ ಒಬ್ಬರು ನಿಂತು ಇಡ್ಲಿ ತಿಂತಿದ್ರು, ಜರುಗಿ ಜಾಗ ಕೊಟ್ರು. ಅಷ್ಟೇ ನೆನಪು. ಆಗ ಅದು ನನಗೆ ವಿಶೇಷ ಅನ್ನಿಸಿರಲಿಲ್ಲ.

ಕೆಫೆಯ ಕರಟವೂ ಊರ ಟೀ ಅಂಗಡಿಯ ಕರಟವೂ ಒಂದೇ ಅಂತ ನಾನು ಹೇಳ್ತಿಲ್ಲ. ಅಲ್ಲಿ ನಮ್ಮ ಜಾತಿ ಯಾರೂ ಕೇಳಲಿಲ್ಲ. ನಾನು ಆ ಬಿಲ್ಲು ಕಟ್ಟಬಲ್ಲೆ ಅನ್ನೋದೂ ಚರಿತ್ರೆಯೇ. ಆದರೆ ವಸ್ತುಗಳಿಗೆ ನಮಗಿಂತ ಹೆಚ್ಚು ನೆನಪಿರುತ್ತೆ, ಅದು ಕಾಣೋದು ಅದನ್ನ ಕೈಯಲ್ಲಿ ಹಿಡಿದವರಿಗೆ ಮಾತ್ರ.

ದರ್ಶಿನಿಯಲ್ಲಿ ಅಪ್ಪನಿಗೆ ಮಂಡಿ ನೋವು, ಆದ್ರೂ ನಿಂತೇ ಕುಡಿದ. ಎರಡು ಕೈಯಲ್ಲೂ ಸ್ಟೀಲ್ ಲೋಟ ಹಿಡಿದು, ಊದಿ ಊದಿ. ಕುಡಿದಾದ ಮೇಲೆ ಅಭ್ಯಾಸಬಲದಿಂದ ನಲ್ಲಿ ಕಡೆ ತಿರುಗಿದ. ನಾನು ಲೋಟ ಇಸ್ಕೊಂಡು ಎಲ್ಲರ ಲೋಟ ಬಿದ್ದಿದ್ದ ಟಬ್ಬಿಗೆ ಹಾಕಿದೆ. ಬಸ್ಸಿನ ಟೈಮ್ ಎಷ್ಟು ಅಂತ ಕೇಳಿದ. ಮನೆಗೆ ನಡೆದ್ವಿ.